ಕೋಳಿಮರಿ ಪೆಟ್ಟಿಗೆಯಿಂದ ಅಮ್ಮನ ಎದೆಯವರೆಗೆ

ಅಕ್ಕನ ಮಗ ಹುಟ್ಟಿದ್ದು 32ನೇ ವಾರಕ್ಕೆ. ತೂಕ 1 ಕೆಜಿ 400 ಗ್ರಾಂ. ಹುಟ್ಟಿದ ಕೂಡಲೇ ಎತ್ತಿಕೊಂಡು ಹೋಗಿ ಪಾರದರ್ಶಕ ಪೆಟ್ಟಿಗೆಯೊಂದರಲ್ಲಿ ಮಲಗಿಸಿದರು. ಮೊದಲ ಐದು ದಿನ ಅಕ್ಕ ಅವನನ್ನು ನೋಡಿದ್ದು ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಅದೂ ಗಾಜಿನ ಕಿಟಕಿಯ ಆಚೆಯಿಂದ. "ನನ್ ಮಗು ಅಂತಾನೇ ಅನ್ನಿಸ್ತಿಲ್ಲ ಕಣೋ" ಅಂದಿದ್ದಳು. ಆರನೇ ದಿನ ಒಬ್ಬ ಸಿಸ್ಟರ್ ಬಂದು, ಟೋಪಿ, ಲಂಗೋಟಿ ಬಿಟ್ಟು ಬೇರೇನೂ ಹಾಕದ ಆ ಪುಟ್ಟ ಜೀವವನ್ನು ಅಕ್ಕನ ಎದೆಗೆ ನೇರವಾಗಿ ಆನಿಸಿ ಮೇಲೊಂದು ಬಟ್ಟೆ ಸುತ್ತಿ ಕಟ್ಟಿದರು. ಇದಕ್ಕೆ ಕಾಂಗರೂ ಆರೈಕೆ ಅಂತ ಹೆಸರಂತೆ.

ಫೋನಿನಲ್ಲಿ ಫೋಟೋ ನೋಡಿದ ನಮ್ಮಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ಮೊದಲನೇ ದಿನಾನೇ ಮಾಡಕ್ಕೆ ಏನಾಗಿತ್ತು ಇವರಿಗೆ?"

ನಾನು ಡಾಕ್ಟರಲ್ಲ, ಕೀಲಿಮಣೆ ಕುಟ್ಟಿ ಹೊಟ್ಟೆ ಹೊರೆಯುವವನು. ಆದರೂ ಅಜ್ಜಿಯ ಪ್ರಶ್ನೆ ತಲೆಯೊಳಗೆ ಕೂತುಬಿಟ್ಟಿತು. ರಾತ್ರಿ ಪಾಳಿಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಂತರ್ಜಾಲ ಜಾಲಾಡಿದಾಗ ಸಿಕ್ಕಿದ್ದು ಸುಮಾರು 140 ವರ್ಷದ ಒಂದು ವಿಚಿತ್ರ ಕಥೆ.

ಮೊದಲು ಒಂದು ಸಣ್ಣ ಭೌತಶಾಸ್ತ್ರ. ದೊಡ್ಡ ಪಾತ್ರೆಯಲ್ಲಿರುವ ಸಾರಿಗಿಂತ ಲೋಟದಲ್ಲಿರುವ ಕಾಫಿ ಬೇಗ ಆರುತ್ತದಲ್ಲ, ಹಾಗೇ ಮಗುವೂ. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತೀರ್ಣ ಜಾಸ್ತಿ, ಶಾಖ ಸೋರಿಹೋಗುವುದೂ ಜಾಸ್ತಿ. ದೊಡ್ಡವರ ಹಾಗೆ ನಡುಗಿ ಮೈ ಬಿಸಿ ಮಾಡಿಕೊಳ್ಳುವುದು ನವಜಾತ ಶಿಶುವಿಗೆ ಬಾರದು. ಅದಕ್ಕಾಗಿ ಕುತ್ತಿಗೆ, ಬೆನ್ನಿನ ಭಾಗದಲ್ಲಿ ಕಂದು ಕೊಬ್ಬು ಅನ್ನುವ ವಿಶೇಷ ಕೊಬ್ಬು ಇರುತ್ತದೆ, ಅದು ಉರಿದು ಶಾಖ ಕೊಡುತ್ತದೆ. ಆದರೆ ಈ ಕೊಬ್ಬು ಹೆಚ್ಚಾಗಿ ತುಂಬಿಕೊಳ್ಳುವುದು ಗರ್ಭದ ಕೊನೆಯ ವಾರಗಳಲ್ಲಿ. ದಿನ ತುಂಬದೆ ಹುಟ್ಟಿದ ಮಗುವಿಗೆ ಆ ದಾಸ್ತಾನೇ ಇಲ್ಲ. ನಮ್ಮ ಬಾಣಂತಿ ಕೋಣೆಯ ಅಗ್ಗಿಷ್ಟಿಕೆ, ಹಳೇ ಸೀರೆಯ ಸುತ್ತುಬಟ್ಟೆ, ಯೂರೋಪಿನಲ್ಲಿ ಉಣ್ಣೆ ಸುತ್ತಿ ಒಲೆಯ ಪಕ್ಕ ಮಲಗಿಸುತ್ತಿದ್ದುದು, ಎಲ್ಲಾ ಇದೇ ಸಮಸ್ಯೆಗೆ ಜನ ಕಂಡುಕೊಂಡ ಉತ್ತರಗಳು. (ಅಗ್ಗಿಷ್ಟಿಕೆಯ ಹೊಗೆ ಮಗುವಿನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಅದು ಬೇರೆ ಮಾತು. ಅಜ್ಜಿ ಒಪ್ಪುವುದಿಲ್ಲ.)

1878ರಲ್ಲಿ ಸ್ಟೆಫಾನ್ ಟಾರ್ನಿಯೆ ಎಂಬ ಹೆರಿಗೆ ವೈದ್ಯ ಪ್ಯಾರಿಸ್ಸಿನ ಮೃಗಾಲಯಕ್ಕೆ ಹೋಗಿದ್ದ. ಅಲ್ಲಿ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಗಳಿದ್ದವು. ಅದನ್ನು ನೋಡಿದವನೇ, ಮಕ್ಕಳಿಗೂ ಇಂಥದ್ದೊಂದು ಯಾಕೆ ಮಾಡಬಾರದು ಅಂದುಕೊಂಡು, ಅವುಗಳನ್ನು ತಯಾರಿಸಿದ್ದ ಒಡೀಲ್ ಮಾರ್ತೆನ್ ಎಂಬಾತನಿಂದಲೇ ಒಂದು ಪೆಟ್ಟಿಗೆ ಮಾಡಿಸಿದ. ಮರದ ಎರಡು ಗೋಡೆ, ನಡುವೆ ಮರದ ಹೊಟ್ಟು, ಕೆಳಗೆ ಬಿಸಿನೀರು, ಮೇಲೆ ಗಾಜಿನ ಮುಚ್ಚಳ, ಅಷ್ಟೇ. 1880ರ ಹೊತ್ತಿಗೆ ಅದು ಪ್ಯಾರಿಸ್ಸಿನ ಮೆಟರ್ನಿಟೆ ಆಸ್ಪತ್ರೆ ಸೇರಿತು. ಎರಡು ಕೆಜಿಗಿಂತ ಕಡಿಮೆ ತೂಕದ ಮಕ್ಕಳಲ್ಲಿ ನೂರಕ್ಕೆ 66 ಮಂದಿ ಸಾಯುತ್ತಿದ್ದ ಕಡೆ ಸಾವು 38ಕ್ಕೆ ಇಳಿಯಿತು ಅಂತ ಅಲ್ಲಿಂದ ವರದಿ ಬಂತು. ಕೋಳಿಗೂಡಿನಿಂದ ಎದ್ದು ಬಂದ ಒಂದು ಪೆಟ್ಟಿಗೆಗೆ ಇದು ಸಣ್ಣ ಸಾಧನೆಯೇ?

ಟಾರ್ನಿಯೆಯ ಶಿಷ್ಯ ಪಿಯೇರ್ ಬುದಾಂ ನನಗೆ ಇನ್ನೂ ಇಷ್ಟವಾದ. ಮಗುವನ್ನು ತಾಯಿಯಿಂದ ದೂರವಿಟ್ಟರೆ ಎದೆಹಾಲು ಬತ್ತುತ್ತದೆ, ಕೆಲವು ತಾಯಂದಿರು ಮಗುವಿನ ಮೇಲಿನ ಆಸಕ್ತಿಯನ್ನೇ ಕಳೆದುಕೊಂಡು ಬಿಟ್ಟುಹೋಗುತ್ತಾರೆ ಎಂಬುದನ್ನು ಅವನು ಕಣ್ಣಾರೆ ಕಂಡು ಬರೆದಿಟ್ಟ. ತಾಯಿ ಬಂದು ಹಾಲೂಡಿಸಬೇಕು, ಮಗು ಅವಳ ಕಣ್ಣಿಗೆ ಕಾಣುತ್ತಿರಬೇಕು ಅನ್ನುವುದು ಅವನ ವಾದ. ಇಷ್ಟೆಲ್ಲಾ 1900ರ ಹೊತ್ತಿಗೇ ಗೊತ್ತಿತ್ತು! ಆದರೆ ಪೆಟ್ಟಿಗೆ ಊರೂರು ಸುತ್ತಿತು, ಬುದಾಂನ ಮಾತು ಅಷ್ಟಾಗಿ ಸುತ್ತಲಿಲ್ಲ.

ಪೆಟ್ಟಿಗೆ ಸುತ್ತಿದ್ದೂ ಎಲ್ಲಿ ಅಂತೀರಿ? ಜಾತ್ರೆಗಳಲ್ಲಿ. ತಮಾಷೆಯಲ್ಲ. ಮಾರ್ಟಿನ್ ಕುನಿ ಎಂಬಾತ 1903ರಿಂದ 1943ರವರೆಗೆ, ನಲವತ್ತು ವರ್ಷ, ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ಸಮುದ್ರತೀರದ ಮೋಜಿನ ತಾಣದಲ್ಲಿ ಜೀವಂತ ಶಿಶುಗಳನ್ನು ಇನ್‌ಕ್ಯುಬೇಟರಿನಲ್ಲಿಟ್ಟು ಪ್ರದರ್ಶನ ನಡೆಸಿದ. ಒಂದು ಕಡೆ ತಿರುಗುವ ತೊಟ್ಟಿಲು, ಇನ್ನೊಂದು ಕಡೆ ತಿಂಡಿ ಅಂಗಡಿ, ನಡುವೆ ಸಾವು ಬದುಕಿನ ನಡುವೆ ಹೋರಾಡುತ್ತಿರುವ ಕೂಸುಗಳು. ಟಿಕೆಟ್ಟು 25 ಸೆಂಟ್. ಓದುವಾಗ ಮೈ ಉರಿಯಿತು. ಆದರೆ ಮುಂದೆ ಓದುತ್ತಾ ಹೋದ ಹಾಗೆ ಉರಿ ಇಳಿಯಿತು. ಅವನು ತಂದೆತಾಯಿಯರಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನರ್ಸುಗಳು, ಎದೆಹಾಲುಣಿಸುವ ದಾದಿಯರು, ಎಲ್ಲರ ಸಂಬಳ ಆ ಟಿಕೆಟ್ ಹಣದಲ್ಲೇ. ಅಂದಿನ ಅಮೆರಿಕದ ಹೆಚ್ಚಿನ ಆಸ್ಪತ್ರೆಗಳಲ್ಲಿ ಇಂಥ ಮಕ್ಕಳಿಗೆ ಜಾಗವೇ ಇರಲಿಲ್ಲ. "ಬದುಕಲ್ಲ" ಅಂತ ಕೈಚೆಲ್ಲಿದ ಮಕ್ಕಳನ್ನು ಅಪ್ಪಂದಿರು ಕಂಬಳಿಯಲ್ಲಿ ಸುತ್ತಿಕೊಂಡು ಇವನ ಬಾಗಿಲಿಗೆ ತರುತ್ತಿದ್ದರು. ದಿನ ತುಂಬದೆ ಹುಟ್ಟಿದ ತನ್ನ ಸ್ವಂತ ಮಗಳನ್ನೂ ಕುನಿ ಇದೇ ಪೆಟ್ಟಿಗೆಯಲ್ಲಿಟ್ಟು ಬದುಕಿಸಿಕೊಂಡ. ಸುಮಾರು 8,000 ಮಕ್ಕಳಲ್ಲಿ 6,500 ಮಕ್ಕಳನ್ನು ಉಳಿಸಿದೆ ಅಂತ ಅವನೇ ಹೇಳಿಕೊಂಡ ಲೆಕ್ಕ. ಇನ್ನೂ ಸ್ವಾರಸ್ಯದ ವಿಷಯ ಏನಪ್ಪಾ ಅಂದರೆ, ಜನರೆಲ್ಲಾ ಡಾಕ್ಟರ್ ಅಂತ ಕರೆಯುತ್ತಿದ್ದ ಈತ ವೈದ್ಯಕೀಯ ಪದವಿ ಪಡೆದದ್ದಕ್ಕೆ ಎಲ್ಲೂ ದಾಖಲೆಯಿಲ್ಲ!

ಆಮೇಲೆ ಆಸ್ಪತ್ರೆಗಳು ಎಚ್ಚೆತ್ತವು. ಯಂತ್ರಗಳು ಸುಧಾರಿಸಿದವು. ಸೋಂಕಿನ ಭಯಕ್ಕೆ ಕೋಣೆಯ ಬಾಗಿಲು ಮುಚ್ಚಿತು, ತಾಯಿ ಕಿಟಕಿಯ ಆಚೆ ಉಳಿದಳು. 1940ರ ದಶಕದಲ್ಲಿ ಗಾಳಿಯಾಡದ ಹೊಸ ಪೆಟ್ಟಿಗೆಗಳಿಗೆ ಧಾರಾಳವಾಗಿ ಆಮ್ಲಜನಕ ಬಿಟ್ಟರು. ಮಕ್ಕಳು ಬದುಕಿದರು, ಆದರೆ ಕಣ್ಣು ಕಳೆದುಕೊಂಡರು. ಕಾರಣ ಆಮ್ಲಜನಕವೇ ಅಂತ 1953-54ರಲ್ಲಿ ಅಮೆರಿಕದ ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನದಲ್ಲಿ ಖಚಿತವಾಗುವ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 10,000 ಮಕ್ಕಳು ಕುರುಡಾಗಿದ್ದರು. ಒಳ್ಳೆಯದೇ ಅಂದುಕೊಂಡು ಪರೀಕ್ಷೆ ಮಾಡದೆ ಪ್ರೊಡಕ್ಷನ್‌ಗೆ ಬಿಟ್ಟ ಕೋಡಿನ ಪಾಡು ಇದು, ಇಲ್ಲಿ ಮಾತ್ರ ವಾಪಸ್ ತೆಗೆಯುವ ದಾರಿ ಇರಲಿಲ್ಲ. 1958ರಲ್ಲಿ ವಿಲಿಯಂ ಸಿಲ್ವರ್‌ಮನ್ ಮತ್ತು ಸಂಗಡಿಗರು ಪೆಟ್ಟಿಗೆಯ ಉಷ್ಣತೆಯನ್ನು 28.9 ಡಿಗ್ರಿಯಿಂದ 31.7 ಡಿಗ್ರಿಗೆ ಏರಿಸಿ ನೋಡಿದರು. ಮೂರು ಡಿಗ್ರಿಯೂ ಇಲ್ಲ ಆ ವ್ಯತ್ಯಾಸ. ಅಷ್ಟಕ್ಕೇ ನೂರಕ್ಕೆ ಹದಿನೈದು ಮಕ್ಕಳು ಹೆಚ್ಚಾಗಿ ಉಳಿದವು.

ಇನ್ನು ಕಾಂಗರೂ. ಅದು ಬಂದದ್ದು ಆಸ್ಟ್ರೇಲಿಯಾದಿಂದಲ್ಲ, ದಕ್ಷಿಣ ಅಮೆರಿಕದ ಕೊಲಂಬಿಯಾದಿಂದ, ಅದೂ ಬಡತನದಿಂದ. ರಾಜಧಾನಿ ಬೊಗೊಟಾದ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಪೆಟ್ಟಿಗೆಗಳು ಸಾಲದೆ ಒಂದೊಂದರಲ್ಲಿ ಎರಡು ಮೂರು ಮಕ್ಕಳನ್ನು ಮಲಗಿಸುತ್ತಿದ್ದರು. ಒಂದರ ಸೋಂಕು ಇನ್ನೊಂದಕ್ಕೆ. ಬುದಾಂ ಕಂಡ ಹಾಗೆಯೇ, ಬಿಟ್ಟುಹೋಗುವ ತಾಯಂದಿರು ಇಲ್ಲೂ ಇದ್ದರು. 1978ರಲ್ಲಿ ಅಲ್ಲಿನ ಡಾ. ಎಡ್ಗರ್ ರೇ ಸನಾಬ್ರಿಯಾ, ಮುಂದಿನ ವರ್ಷ ಜೊತೆಗೂಡಿದ ಡಾ. ಹೆಕ್ಟರ್ ಮಾರ್ಟಿನೆಜ್ ಮಾಡಿದ್ದು ಇಷ್ಟೇ: ಉಸಿರಾಟ ಸರಿಯಿರುವ ಪುಟ್ಟ ಮಕ್ಕಳನ್ನು ಅಮ್ಮನ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ನೆಟ್ಟಗೆ ಕಟ್ಟಿ, ಎದೆಹಾಲು ಕೊಡಿಸಿ, ಬೇಗ ಮನೆಗೆ ಕಳಿಸಿ, ಮತ್ತೆ ಮತ್ತೆ ಕರೆಸಿ ನೋಡುವುದು. ಚೀಲದಲ್ಲಿ ಮರಿ ಹೊತ್ತ ಕಾಂಗರೂವಿನ ಹೆಸರು ಅಂಟಿಕೊಂಡಿತು.

ಪಶ್ಚಿಮದ ತಜ್ಞರು ಕೂಡಲೇ ನಂಬಲಿಲ್ಲ. ಅವರನ್ನು ಪೂರ್ತಿ ದೂರುವ ಹಾಗೂ ಇಲ್ಲ, ಬೊಗೊಟಾದಿಂದ ಬಂದ ಮೊದಲ ಅಂಕಿಸಂಖ್ಯೆಗಳು ಅಷ್ಟು ಗಟ್ಟಿಯಾಗಿರಲಿಲ್ಲ. ಆಮೇಲೆ ಅದೇ ಊರಿನ ಡಾ. ನಥಾಲಿ ಶಾರ್ಪಾಕ್ ಮತ್ತು ತಂಡ 1990ರ ದಶಕದಲ್ಲಿ ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಎರಡು ಗುಂಪು ಮಾಡಿ ಸರಿಯಾದ ಪ್ರಯೋಗ ನಡೆಸಿದರು. ಬೇರೆ ದೇಶಗಳಿಂದಲೂ ಪುರಾವೆ ಸೇರುತ್ತಾ ಹೋಯಿತು. ಆದರೂ ನಿಯಮ ಮಾತ್ರ ಒಂದೇ: ಮಗು ಮೊದಲು ಪೆಟ್ಟಿಗೆಯಲ್ಲಿ ಸುಧಾರಿಸಿಕೊಳ್ಳಲಿ, ಆಮೇಲೆ ಅಮ್ಮ.

ಅಕ್ಕನ ಐದು ದಿನ ಹೋಗಿದ್ದು ಇದೇ ನಿಯಮಕ್ಕೆ. ಅಜ್ಜಿ ಕೇಳಿದ್ದೂ ಇದನ್ನೇ. ಅದಕ್ಕೆ ನೇರ ಉತ್ತರ ಸಿಕ್ಕಿದ್ದು 2021ರಲ್ಲಿ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಮತ್ತು ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾದ ನಾಲ್ಕು ಆಸ್ಪತ್ರೆಗಳಲ್ಲಿ, 1 ಕೆಜಿಯಿಂದ 1.8 ಕೆಜಿಯೊಳಗಿನ 3,211 ಮಕ್ಕಳ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಪ್ರಯೋಗ ನಡೆಸಿತ್ತು. ಅರ್ಧ ಮಕ್ಕಳಿಗೆ ಹುಟ್ಟಿದ ಕೂಡಲೇ, ಸುಧಾರಿಸಿಕೊಳ್ಳುವವರೆಗೆ ಕಾಯದೆ, ತೀವ್ರ ನಿಗಾ ಘಟಕದ ಒಳಗೇ ಅಮ್ಮನ ಎದೆ. ದಿನಕ್ಕೆ ಸುಮಾರು 17 ಗಂಟೆ. ಉಳಿದರ್ಧಕ್ಕೆ ಹಳೇ ಪದ್ಧತಿ. 28 ದಿನದೊಳಗೆ ಹಳೇ ಪದ್ಧತಿಯಲ್ಲಿ ನೂರಕ್ಕೆ 15.7 ಸಾವು, ಹೊಸದರಲ್ಲಿ 12. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಸೂಚನೆ ಹೊರಡಿಸಿತು: ಉಸಿರಾಟಕ್ಕೇ ಯಂತ್ರ ಬೇಕಾದಂಥ ತೀರಾ ಗಂಭೀರ ಸ್ಥಿತಿಯ ಮಕ್ಕಳನ್ನು ಬಿಟ್ಟು ಉಳಿದವರಿಗೆಲ್ಲಾ ಹುಟ್ಟಿದ ತಕ್ಷಣವೇ ಇದು ಶುರುವಾಗಬೇಕು. ಹಾಗಂತ ಪೆಟ್ಟಿಗೆ ಬೇಡವಾಯಿತು ಅಂತಲ್ಲ, ಯಾವ ಮಗುವಿಗೆ ಯಾವುದು ಅನ್ನುವುದನ್ನು ವೈದ್ಯರೇ ಹೇಳಬೇಕು.

ಈ ಪ್ರಯೋಗದಲ್ಲಿ ನನಗೆ ಹಿಡಿಸಿದ್ದು ಒಂದು ಸಾಮಾನ್ಯ ಸಂಗತಿ. ತಾಯಿ ಮಗುವಿನ ಜೊತೆ ಇರಬೇಕಾದರೆ ನಿಗಾ ಘಟಕದೊಳಗೆ ತಾಯಿಗೂ ಒಂದು ಮಂಚ ಬೇಕು. ಅದಕ್ಕಾಗಿ ವಾರ್ಡನ್ನೇ ಬದಲಿಸಬೇಕಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಆರೋಗ್ಯ ಇಲಾಖೆಯ ಜೊತೆ ಸೇರಿ ಕಾಂಗರೂ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಗಳಿಗೆ, ಅಲ್ಲಿಂದ ಮನೆಗಳಿಗೆ ಮುಟ್ಟಿಸುವ ಕೆಲಸ ಮಾಡಿದ್ದಾರೆ.

ಅಂದ ಹಾಗೆ, ಎದೆ ಅಮ್ಮನದೇ ಆಗಬೇಕೆಂದಿಲ್ಲ. ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರಾದರೂ ಸರಿ. ಅಕ್ಕ ಊಟಕ್ಕೆ ಎದ್ದಾಗ ಭಾವನ ಸರದಿ. ಮೀಸೆ ತಿರುವಿಕೊಂಡು ಓಡಾಡುತ್ತಿದ್ದ ಮನುಷ್ಯ ಅಂಗಿ ಬಿಚ್ಚಿ, ಮಗುವನ್ನು ಎದೆಗೆ ಕಟ್ಟಿಕೊಂಡು, ಅಲುಗಾಡಿದರೆ ಎಲ್ಲಿ ಎದ್ದುಬಿಡುತ್ತಾನೋ ಅಂತ ಒಂದೂವರೆ ಗಂಟೆ ಕೆಮ್ಮದೆ ಕೂತಿದ್ದರು. ಒಂದು ದಿನ ನಾನೂ ಕೇಳಿದೆ. "ಮೊದಲು ಸ್ನಾನ ಮಾಡ್ಕೊಂಡ್ ಬನ್ನಿ" ಅಂದರು ಸಿಸ್ಟರ್ :)