ಬಂಡೆಯ ಅಕ್ಷರ, ಗಣಕದ ಅಕ್ಷರ

ಹೊಳಲ್ಕೆರೆ ತಾಲ್ಲೂಕಿನ ನಮ್ಮ ಊರಿನ ಮನೆಯಲ್ಲಿ ಹಳೆಯದೊಂದು ಟ್ರಂಕು ಇದೆ. ಅದರೊಳಗೆ ದೊಡ್ಡಪ್ಪನ ಕಾಗದಪತ್ರಗಳ ನಡುವೆ ಒಂದು ಸಿ.ಡಿ. ಸಿಕ್ಕಿತು. ಮೇಲೆ ನೀಲಿ ಶಾಯಿಯಲ್ಲಿ ‘ಊರಿನ ಚರಿತ್ರೆ, 2002’ ಎಂದು ಬರೆದಿತ್ತು. ದೊಡ್ಡಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ನಿವೃತ್ತರಾದ ಮೇಲೆ ಊರಿನ ಕೆರೆ, ಬಾವಿ, ಹೊಲಗಳ ಹೆಸರು, ಗುಡಿಯ ಪೂಜೆಯ ಸರದಿ, ಬರ ಬಿದ್ದ ವರ್ಷಗಳು ಎಲ್ಲವನ್ನೂ ಹಿರಿಯರಿಂದ ಕೇಳಿ ಬರೆದುಕೊಂಡು, ಪೇಟೆಯ ಡಿಟಿಪಿ ಅಂಗಡಿಯಲ್ಲಿ ಕೂತು ಟೈಪು ಮಾಡಿಸಿದ್ದರು. ಪುಸ್ತಕ ಮಾಡಿಸುವ ಅವರ ಆಸೆ ಕೈಗೂಡಲಿಲ್ಲ. ಕೈಬರಹದ ನೋಟುಬುಕ್ಕು ಗೆದ್ದಲಿನ ಪಾಲಾಯಿತು. ದೊಡ್ಡಪ್ಪನೂ ಈಗಿಲ್ಲ.

ಕಳೆದ ವರ್ಷ ಆ ಸಿ.ಡಿ.ಯನ್ನು ಗಣಕಕ್ಕೆ ಹಾಕಿದಾಗ ಕಡತ ತೆರೆದುಕೊಂಡಿತು. ಆದರೆ ಅದರಲ್ಲಿ ಕನ್ನಡವೇ ಇರಲಿಲ್ಲ. ಇಂಗ್ಲಿಷಿನ ದೊಡ್ಡ ‘ಪಿ’, ಬ್ರಿಟನ್ನಿನ ಪೌಂಡ್ ಗುರುತು, ಸಣ್ಣ ‘ಕ್ಯೂ’, ನಡುನಡುವೆ ತಲೆಯ ಮೇಲೆ ಗೆರೆ ಹೊತ್ತ ‘ಎ’. ಪುಟಗಟ್ಟಲೆ ಇದೇ ಸಂತೆ. ಇಪ್ಪತ್ತು ಚಿಲ್ಲರೆ ವರ್ಷದ ಹಿಂದಿನ ಬರಹವೊಂದು ಹೀಗೆ ಓದಲು ಬಾರದಂತಾಗಿತ್ತು.

ನಮ್ಮದೇ ಜಿಲ್ಲೆಯ ಮತ್ತೊಂದು ತುದಿಯಲ್ಲಿ, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಕ್ರಿ.ಪೂ. ಮೂರನೆಯ ಶತಮಾನದ ಬರಹವನ್ನು ಇಂದಿಗೂ ಓದಬಹುದು. ಇದೇಕೆ ಹೀಗೆ? ಕಲ್ಲು ಗಟ್ಟಿ, ಗಣಕ ಗಟ್ಟಿಯಲ್ಲ ಎಂದರೆ ಉತ್ತರ ಸುಲಭವಾಗುತ್ತದೆ. ಆದರೆ ಆ ಉತ್ತರ ಸರಿಯಲ್ಲ.

ಚಪಡನ ಸಹಿ

1892ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಅಧಿಕಾರಿಯಾಗಿದ್ದ ಬಿ.ಎಲ್. ರೈಸ್ ಅವರಿಗೆ ಬ್ರಹ್ಮಗಿರಿ, ಸಿದ್ಧಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ ಮೂರು ನೆರೆಹೊರೆಯ ತಾಣಗಳಲ್ಲಿ ಅಶೋಕನ ಶಾಸನಗಳು ದೊರೆತವು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಬಂದ ಆಜ್ಞೆ ಅದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನು ತನ್ನ ಹೆಸರನ್ನೂ ಕಾಣಿಸಿದ್ದಾನೆ: ಚಪಡ. ಲಿಪಿಕಾರ ಎಂದು ತನ್ನ ಕಸುಬನ್ನು ಹೇಳಿಕೊಳ್ಳುವ ಪದವನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಸಾಗುವ ಲಿಪಿ. ಅದು ಬಳಕೆಯಲ್ಲಿದ್ದುದು ದೂರದ ವಾಯವ್ಯ ಸೀಮೆಯಲ್ಲಿ. ನಮ್ಮ ಜಿಲ್ಲೆಯಲ್ಲಿ ಹೆಸರು ತಿಳಿದಿರುವ ಅತಿ ಹಳೆಯ ಬರಹಗಾರ ಇವನೇ ಇರಬೇಕು.

ಚಪಡನ ಬಂಡೆ ಉಳಿಯಿತು, ನಿಜ. ಆದರೆ ಅದನ್ನು ಓದುವ ವಿದ್ಯೆ ಉಳಿದಿರಲಿಲ್ಲ. ಕಾಲ ಕಳೆದಂತೆ ಬ್ರಾಹ್ಮಿಯ ರೂಪ ಬದಲಾಗಿ ಅದರಿಂದಲೇ ಕನ್ನಡ ಮೊದಲಾದ ಲಿಪಿಗಳು ಹುಟ್ಟಿದವು. ಮೂಲ ರೂಪ ಮಾತ್ರ ಜನರಿಗೆ ಮರೆತುಹೋಯಿತು. ನೂರಾರು ವರ್ಷ ದನಗಾಹಿಗಳು ಆ ಬಂಡೆಯ ಪಕ್ಕದಲ್ಲೇ ಓಡಾಡಿದ್ದಾರೆ. ಅವರ ಪಾಲಿಗೆ ಅದು ಬರೀ ಗೀಚು, ನಮಗೆ ದೊಡ್ಡಪ್ಪನ ಕಡತ ಕಂಡ ಹಾಗೆ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗುಟ್ಟನ್ನು ಬಿಡಿಸಿದ. ಸಾಂಚಿಯ ಚಿಕ್ಕ ಚಿಕ್ಕ ಬರಹಗಳ ಕೊನೆಯಲ್ಲಿ ಒಂದೇ ಪದ ಮತ್ತೆ ಮತ್ತೆ ಬರುವುದನ್ನು ಕಂಡು, ಅದು ‘ದಾನಂ’ ಇರಬೇಕೆಂದು ಊಹಿಸಿದ್ದು ಅವನಿಗೆ ದಾರಿ ತೋರಿತು. ಒಂದೇ ಬಗೆಯ ಬರಹ ಹಲವು ಕಡೆ ಇದ್ದುದರಿಂದಲೇ ಇದು ಸಾಧ್ಯವಾಯಿತು. ನಮ್ಮ ಜಿಲ್ಲೆಯ ಮೂರು ಶಾಸನಗಳ ಕಥೆಯೂ ಹಾಗೆಯೇ. ಒಂದರಲ್ಲಿ ಅಳಿಸಿದ್ದನ್ನು ಇನ್ನೊಂದನ್ನು ನೋಡಿ ತುಂಬಿಕೊಳ್ಳಬಹುದು.

ಇದಕ್ಕೆ ವಿರುದ್ಧವಾದ ನಿದರ್ಶನ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿದೆ. ಕದಂಬ ಮಯೂರಶರ್ಮನು ಕೆರೆ ಕಟ್ಟಿಸಿದ್ದನ್ನು ಹೇಳುವ ಅಲ್ಲಿನ ಬಂಡೆ ಶಾಸನವನ್ನು 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಅಕ್ಷರಗಳು ಸವೆದಿವೆ, ಇನ್ನೊಂದು ಪ್ರತಿ ಇಲ್ಲ. ಹೀಗಾಗಿ ಕೃಷ್ಣ ಅವರು ಓದಿದ ಪಾಠವನ್ನು ನಂತರದ ವಿದ್ವಾಂಸರು ಒಪ್ಪಲಿಲ್ಲ. ಬೇರೆ ರೀತಿಯಲ್ಲಿ ಓದಿದರು.

ಹಾಗಾದರೆ ಬರಹ ಉಳಿಯಲು ಬೇಕಾದದ್ದು ಎರಡು. ಒಂದು, ಓದುವ ಕೀಲಿಕೈ ಎಲ್ಲರ ಕೈಯಲ್ಲೂ ಇರಬೇಕು. ಎರಡು, ಪ್ರತಿಗಳು ಹಲವು ಕಡೆ ಇರಬೇಕು. ಗಣಕದ ಕನ್ನಡಕ್ಕೆ ಈ ಎರಡರಲ್ಲೂ ತೊಡಕಾಯಿತು.

ಅಚ್ಚಿನ ಮೊಳೆಯಿಂದ ಕೀಲಿಮಣೆಗೆ

1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರತಂದಾಗ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಲಾಗಿತ್ತು. ಮರುವರ್ಷ ಪತ್ರಿಕೆ ನಮ್ಮ ನೆರೆಯ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಮುಂದೆ ಅಚ್ಚಿನ ಮೊಳೆಗಳು ನೆಲೆಯೂರಿದವು. ಕಾಗುಣಿತ, ಒತ್ತಕ್ಷರಗಳ ಕನ್ನಡಕ್ಕೆ ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಹೆಚ್ಚು ಮೊಳೆ ಬೇಕಾಗುತ್ತಿತ್ತು. ಅಷ್ಟನ್ನು ಟೈಪ್‌ರೈಟರಿನ ಕೆಲವೇ ಕೀಲಿಗಳಿಗೆ ಇಳಿಸುವುದು ಇನ್ನೂ ಕಷ್ಟ. ಅನಂತ ಸುಬ್ಬರಾವ್ ಅದಕ್ಕೊಂದು ಕೀಲಿಮಣೆ ರೂಪಿಸಿದರು. ಕೆ.ಪಿ. ರಾವ್ ಅವರು ಉಚ್ಚಾರಣೆಯನ್ನೇ ಆಧಾರವಾಗಿಟ್ಟು, ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡ ಮೂಡಿಸುವ ವಿನ್ಯಾಸ ಕೊಟ್ಟರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ನಡೆದದ್ದು ಈ ದಾರಿಯಲ್ಲೇ. ಅಮೆರಿಕದಲ್ಲಿದ್ದ ಶೇಷಾದ್ರಿವಾಸು 1998ರಲ್ಲಿ ‘ಬರಹ’ವನ್ನು ಉಚಿತವಾಗಿ ಹಂಚಿದರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗಗಳಲ್ಲಿ ಕೋರ್ಟು, ತಾಲ್ಲೂಕು ಕಚೇರಿಗಳ ಆಸುಪಾಸಿನ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಅರ್ಜಿ, ಜಾತ್ರೆಯ ಕರಪತ್ರಗಳು ಅಂದವಾಗಿ ಹೊರಬರತೊಡಗಿದವು.

ಆದರೆ ಅಂದಿನ ವ್ಯವಸ್ಥೆಯಲ್ಲಿ ಒಂದು ಉಪಾಯ ಅಡಗಿತ್ತು. ಒಂದು ಫಾಂಟಿನಲ್ಲಿ ಇದ್ದದ್ದು 256 ಮನೆಗಳು ಮಾತ್ರ. ಅವೆಲ್ಲ ಮೊದಲೇ ರೋಮನ್ ಅಕ್ಷರ, ಚಿಹ್ನೆಗಳಿಗೆ ಮೀಸಲು. ಕನ್ನಡದ ತಂತ್ರಜ್ಞರು ಆ ಮನೆಗಳಲ್ಲೇ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದರು. ನುಡಿಯ ಹಳೆಯ ಫಾಂಟಿನಲ್ಲಿ ‘ಪಿ’ ಇದ್ದ ಮನೆಯಲ್ಲಿ ‘ಕ’ದ ಮೈ, ಪೌಂಡ್ ಗುರುತಿನ ಮನೆಯಲ್ಲಿ ‘ನ’ದ ಮೈ, ಸಣ್ಣ ‘ಕ್ಯೂ’ ಇದ್ದಲ್ಲಿ ‘ಡ’ದ ಮೈ. ಗೆರೆ ಹೊತ್ತ ‘ಎ’ ಇದ್ದಲ್ಲಿ ತಲೆಕಟ್ಟು. ಗಣಕದ ಲೆಕ್ಕದಲ್ಲಿ ಅವು ಇಂಗ್ಲಿಷ್ ಅಕ್ಷರಗಳೇ. ಫಾಂಟು ಅವುಗಳ ಮೇಲೆ ಕನ್ನಡದ ಮುಖವಾಡ ತೊಡಿಸುತ್ತಿತ್ತು. ಫಾಂಟು ಇಲ್ಲದ ಗಣಕದಲ್ಲಿ ಮುಖವಾಡ ಕಳಚುತ್ತದೆ. ದೊಡ್ಡಪ್ಪನ ಕಡತದಲ್ಲಿ ನನಗೆ ಕಂಡದ್ದು ಇದೇ. ಒಂದೊಂದು ತಂತ್ರಾಂಶ ಒಂದೊಂದು ರೀತಿಯಲ್ಲಿ ಮನೆ ಹಂಚಿದ್ದರಿಂದ ಒಬ್ಬರ ಬರಹ ಇನ್ನೊಬ್ಬರಿಗೆ ಬಾರದು ಎಂಬ ಸ್ಥಿತಿಯೂ ಬಂತು.

ಇದಕ್ಕೆ ಪರಿಹಾರ ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿ ದೊರೆತಿತ್ತು. ಇಲ್ಲಿ ‘ಕ’ ಎಂದರೆ ಜಗತ್ತಿನ ಎಲ್ಲ ಗಣಕಗಳಿಗೂ ‘ಕ’ವೇ. ‘ಕನ್ನಡ’ ಎಂಬ ಪದ ಐದು ಸಂಕೇತಗಳಾಗಿ ದಾಖಲಾಗುತ್ತದೆ: ಕ, ನ, ಹಲಂತದ ಗುರುತು, ನ, ಡ. ಒತ್ತಕ್ಷರವನ್ನು ಹೇಗೆ ತೋರಿಸಬೇಕೆಂಬುದು ಫಾಂಟಿನ ಕೆಲಸ. ಬರಹದ ತಿರುಳಿಗೂ ಅದಕ್ಕೂ ಸಂಬಂಧವಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಇದನ್ನು ಸಾಮಾನ್ಯರ ಮೇಜಿಗೆ ತಂದಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಆದರೂ ಡಿಟಿಪಿ ಅಂಗಡಿಗಳು ಹಳೆಯ ಫಾಂಟುಗಳನ್ನು ಬಹುಕಾಲ ಬಿಡಲಿಲ್ಲ. ಪುಟವಿನ್ಯಾಸದ ಹಳೆಯ ತಂತ್ರಾಂಶಗಳಿಗೆ ಯೂನಿಕೋಡ್ ಕನ್ನಡ ಒಗ್ಗುತ್ತಿರಲಿಲ್ಲ ಎಂಬುದೂ ಅದಕ್ಕೆ ಕಾರಣ.

ಇಂದಿನ ಉಪಕರಣಗಳು

ಈಗ ಆ ಅಡಚಣೆ ಬಹುಮಟ್ಟಿಗೆ ಇಲ್ಲ. ಹಳೆಯ ನುಡಿ, ಬರಹ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಮೊದಲಾದ ಯೂನಿಕೋಡ್ ಫಾಂಟುಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಪುಸ್ತಕಕ್ಕೂ ಬ್ಯಾನರಿಗೂ ಕಾಸು ಕೊಡಬೇಕಿಲ್ಲ. ಚಿತ್ರ ತಿದ್ದಲು ಗಿಂಪ್, ಭಿತ್ತಿಪತ್ರ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಪುಟ ಕಟ್ಟಲು ಸ್ಕ್ರೈಬಸ್ ಇವೆ. ಮುದ್ರಿತ ಪುಟದ ಚಿತ್ರದಿಂದ ಕನ್ನಡ ಅಕ್ಷರಗಳನ್ನು ಗುರುತಿಸಿ ಕೊಡುವ ಟೆಸರಾಕ್ಟ್ ಕೂಡ ಮುಕ್ತವಾಗಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ದಂಥ ನಾಟಕ ತಿರುಗಾಟಗಳ ಕರಪತ್ರ, ಭಿತ್ತಿಪತ್ರಗಳು ಮುಂದೆ ರಂಗಭೂಮಿಯ ಚರಿತ್ರೆಗೆ ಆಕರಗಳಾಗುತ್ತವೆ. ಅಂಥವನ್ನು ಬರೀ ಚಿತ್ರವಾಗಿ ಇಡದೆ, ಅದರೊಳಗಿನ ಹೆಸರು, ಊರು, ತಾರೀಖುಗಳನ್ನು ಯೂನಿಕೋಡಿನಲ್ಲಿ ಬರೆದಿಟ್ಟರೆ ಹುಡುಕಿದವರಿಗೆ ಸಿಗುತ್ತವೆ.

ಹುಡುಕಲು ಸಿಗುವಂತೆ ಮಾಡುವುದರ ಬೆಲೆಯನ್ನು ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆ ಮೊದಲೇ ಅರಿತಿತ್ತು. ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರು ಪಾಣಿನಿಯ ಸುಮಾರು 4,000 ಸೂತ್ರಗಳನ್ನು ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶಕ್ಕೆ ಇಳಿಸಿದರು. ವಚನಗಳನ್ನೂ ಮಠ ಗಣಕಕ್ಕೆ ತಂದಿತು. ‘ವಚನ ಸಂಚಯ’ ಎಂಬ ಜಾಲತಾಣದಲ್ಲಿಯೂ ಒಂದು ಪದ ಕೊಟ್ಟರೆ ಸಾಕು, ಅದು ಯಾವ ಯಾವ ವಚನದಲ್ಲಿ ಬಂದಿದೆ ಎಂದು ಕ್ಷಣದಲ್ಲಿ ತಿಳಿಯುತ್ತದೆ. ರೈಸ್ 1903ರಲ್ಲಿ ಹೊರತಂದ ಚಿತ್ರದುರ್ಗ ಜಿಲ್ಲೆಯ ಶಾಸನ ಸಂಪುಟ, ಅಂದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟ, ಇಂಟರ್‌ನೆಟ್ ಆರ್ಕೈವ್ ತಾಣದಲ್ಲಿದೆ. ತಮ್ಮ ಊರಿನ ಶಾಸನ ಅದರಲ್ಲಿ ಸೇರಿದೆಯೇ ಎಂದು ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು.

ಕೋಡಿಯ ನೀರು, ಮೊಬೈಲಿನ ಚಿತ್ರ

ಪ್ರತಿಗಳ ಮಾತಿಗೆ ಬರೋಣ. ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡ ಅಣೆಕಟ್ಟು. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮಾರಿಕಣಿವೆ, 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ ಮತ್ತೆ 130 ಅಡಿ ತುಂಬಿ ಕೋಡಿ ಬಿತ್ತು. ಜನ ಜಾತ್ರೆಯಂತೆ ಸೇರಿದರು. ಕಂಡವರೆಲ್ಲ ಮೊಬೈಲಿನಲ್ಲಿ ಚಿತ್ರ ತೆಗೆದರು. ಆ ಚಿತ್ರಗಳು ಈಗ ಎಲ್ಲಿವೆ? ಬಹುಪಾಲು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಅಲ್ಲಿ ಕಳಿಸಿದ ಚಿತ್ರ ಕಿರಿದಾಗುತ್ತದೆ. ತೆಗೆದ ದಿನ, ಸಮಯ, ಸ್ಥಳ ಎಂದು ಕ್ಯಾಮೆರಾ ಚಿತ್ರದೊಳಗೇ ಬರೆದಿಡುವ ವಿವರ ಕಳಚಿಹೋಗುತ್ತದೆ. ಮೊಬೈಲು ಬದಲಾದರೆ ಮೂಲವೂ ಹೋಯಿತು.

ಮೂಲ ಚಿತ್ರವನ್ನು ಹಾಗೆಯೇ ತೆಗೆದಿರಿಸಿ, ಒಂದು ಪ್ರತಿಯನ್ನು 2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದರೆ ಅದು ಸಾರ್ವಜನಿಕ ಆಸ್ತಿಯಂತೆ ಉಳಿಯುತ್ತದೆ. ಏರಿಸುವವರು ತಮ್ಮದೇ ಚಿತ್ರ ಏರಿಸಬೇಕು, ಯಾರು ಹೇಗೆ ಬಳಸಬಹುದೆಂಬ ಪರವಾನಗಿ ನಮೂದಿಸಬೇಕು. ಊರಿನ ವೀರಗಲ್ಲು, ಶಾಸನಗಳಿಗೂ ಇದು ಅನ್ವಯಿಸುತ್ತದೆ. ನಡುಮಧ್ಯಾಹ್ನ ತೆಗೆದ ಶಾಸನದ ಚಿತ್ರದಲ್ಲಿ ಅಕ್ಷರ ಕಾಣುವುದು ಕಷ್ಟ. ಬೆಳಗ್ಗೆ ಅಥವಾ ಸಂಜೆ ಬೆಳಕು ಓರೆಯಾಗಿ ಬಿದ್ದಾಗ ಕೊರೆದ ಗೆರೆಯಲ್ಲಿ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟರೆ ಗಾತ್ರ ತಿಳಿಯುತ್ತದೆ. ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಸುರಿಯುವುದು ಮಾತ್ರ ಬೇಡ. ಕಲ್ಲಿಗೆ ಅದು ಕೇಡು. ಬೆಂಗಳೂರಿನ ಮಿಥಿಕ್ ಸೊಸೈಟಿ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಗಣಕದಲ್ಲಿ ಕಾಪಿಡುವ ಕೆಲಸ ಕೈಗೊಂಡಿದೆ. ಕಲ್ಲು ಒಡೆದರೂ, ಕಳೆದುಹೋದರೂ ಪಾಠ ಉಳಿಯಲಿ ಎಂಬುದು ಅದರ ಉದ್ದೇಶ.

ಅಂತರಜಾಲವನ್ನು ನಂಬಿ ಕೂರುವಂತೆಯೂ ಇಲ್ಲ. ಒಂದು ಕಾಲಕ್ಕೆ ಜಗತ್ತಿನ ಲಕ್ಷಾಂತರ ಜನರ ಬರಹಕ್ಕೆ ಬಿಟ್ಟಿ ಜಾಗ ಕೊಟ್ಟಿದ್ದ ಜಿಯೋಸಿಟೀಸ್ 2009ರಲ್ಲಿ ಬಾಗಿಲು ಹಾಕಿತು. ಒಂದೇ ಕಡೆ ಇಟ್ಟದ್ದು ಒಂದೇ ದಿನ ಹೋಗಬಹುದು.

ದೊಡ್ಡಪ್ಪನ ಕಡತವನ್ನು ಪರಿವರ್ತಕಕ್ಕೆ ಕೊಟ್ಟಾಗ ಕನ್ನಡ ಹೊರಬಂತು. ಒಂದು ಹೊಲದ ಹೆಸರು ಮಾತ್ರ ‘ದುಗರ್ದ ದಾರಿ ಹೊಲ’ ಎಂದಾಗಿತ್ತು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ದಾಖಲಾಗುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಅಲ್ಲಿ ಎಡವಿತ್ತು. ಅದು ‘ದುರ್ಗದ ದಾರಿ ಹೊಲ’ ಎಂದು ಮನೆಯಲ್ಲಿ ದೊಡ್ಡಮ್ಮ ತಕ್ಷಣ ಹೇಳಿದರು. ಇಂಥ ಹೆಸರುಗಳನ್ನು ಸರಿಪಡಿಸಬಲ್ಲವರು ಇನ್ನೂ ಬದುಕಿರುವಾಗಲೇ ಈ ಕೆಲಸ ಆಗಬೇಕು.

ತಿದ್ದಿದ ಕಡತದ ಒಂದು ಪ್ರತಿ ಈಗ ಅಂತರಜಾಲದಲ್ಲಿದೆ, ಒಂದು ನನ್ನ ಗಣಕದಲ್ಲಿ. ಕಾಗದದ ಮೇಲೆ ಅಚ್ಚು ಹಾಕಿಸಿದ ಪ್ರತಿಗಳಲ್ಲಿ ಒಂದನ್ನು ಊರಿನ ಶಾಲೆಗೆ ಕೊಟ್ಟು, ಒಂದನ್ನು ಅದೇ ಟ್ರಂಕಿನಲ್ಲಿ ಇಟ್ಟಿದ್ದೇವೆ. ಮೊದಲ ಪುಟದಲ್ಲಿ ಬರೆದವರ ಹೆಸರು ಸೇರಿಸಿದೆವು. ದೊಡ್ಡಪ್ಪ ಅದನ್ನು ಎಲ್ಲಿಯೂ ಬರೆದುಕೊಂಡಿರಲಿಲ್ಲ.