ಮಂಗಳೂರು: ಜನಸಮುದಾಯಗಳು ಮತ್ತು ಸಾಮುದಾಯಿಕ ಜೀವನದ ಇತಿಹಾಸ

ಪಶ್ಚಿಮ ಸಮುದ್ರತೀರದಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುವ ಅಳಿವೆಯ ಬಳಿ ಬೆಳೆದುನಿಂತ, ದಕ್ಷಿಣ ಕನ್ನಡ ಜಿಲ್ಲೆಯ ಮುಖ್ಯ ಪಟ್ಟಣ ಮಂಗಳೂರು. ತುಳುವರಿಗೆ ಇದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿ ಮುಸಲ್ಮಾನರಿಗೆ ಮೈಕಾಲ. ಇಲ್ಲಿನ ಇತಿಹಾಸವನ್ನು ಅರಸುಮನೆತನಗಳ ಏಳುಬೀಳುಗಳ ಮೂಲಕ ಹೇಳುವುದು ರೂಢಿ. ಆದರೆ ಈ ಊರಿನ ನಿಜವಾದ ವೈಶಿಷ್ಟ್ಯವಿರುವುದು, ಇಲ್ಲಿನ ಒಂದೊಂದು ಜನವರ್ಗವೂ ತನಗೊದಗಿದ ಕಷ್ಟಕ್ಕೆ ಪರಿಹಾರವಾಗಿ ಸ್ವಪ್ರಯತ್ನದಿಂದ ದೇವಾಲಯವನ್ನೋ ಶಾಲೆಯನ್ನೋ ಉಳಿತಾಯದ ನಿಧಿಯನ್ನೋ ಕಟ್ಟಿಕೊಂಡು, ಕಾಲಕ್ರಮೇಣ ಅದರ ಬಾಗಿಲನ್ನು ಊರಿಗೆಲ್ಲ ತೆರೆದಿಟ್ಟ ರೀತಿಯಲ್ಲಿ.

ಆಳುಪ ಅರಸರ ಕಾಲದಿಂದಲೇ ಇದು ಹಲವು ಮತಗಳ ನೆಲೆಯಾಗಿದ್ದಿತೆಂಬುದಕ್ಕೆ ಕದ್ರಿಯೇ ಸಾಕ್ಷಿ. ಅಲ್ಲಿನ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಕ್ರಿ.ಶ. 968ರಲ್ಲಿ ಕುಂದವರ್ಮನೆಂಬ ಅರಸನು ಪ್ರತಿಷ್ಠೆ ಮಾಡಿಸಿದನೆಂದು ಪೀಠದ ಶಾಸನವು ತಿಳಿಸುತ್ತದೆ. ಬೌದ್ಧರ ಬೋಧಿಸತ್ತ್ವನೂ ನಾಥಪಂಥದ ಯೋಗಿಗಳೂ ಶೈವಾರಾಧನೆಯೂ ಅದೊಂದೇ ಗುಡ್ಡದ ಮೇಲೆ ನೆಲೆಗೊಂಡುವು. ಕಡಲ ವ್ಯಾಪಾರವು ಇನ್ನೂ ದೂರದವರನ್ನು ಇಲ್ಲಿಗೆ ಕರೆತಂದಿತು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜೂ ಎಂಬ ಯಹೂದಿ ವರ್ತಕನು ಹಲವು ವರ್ಷಗಳ ಕಾಲ ಇಲ್ಲಿ ನೆಲಸಿ, ಏಡನ್ನಿನಿಂದ ಬಂದ ಲೋಹದಿಂದ ಪಾತ್ರೆಗಳನ್ನು ಮಾಡಿಸಿ ಹಿಂದಕ್ಕೆ ಕಳುಹಿಸುತ್ತಿದ್ದನೆಂಬುದು ಕೈರೋ ನಗರದ ಪ್ರಾರ್ಥನಾಮಂದಿರದಲ್ಲಿ ಉಳಿದುಬಂದ ಪತ್ರಗಳಿಂದ ತಿಳಿದುಬಂದಿದೆ. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತನು ಈ ಊರನ್ನು ಮಂಜರೂರ್ ಎಂದು ಕರೆದು, ಸುಮಾರು 4,000 ಮುಸಲ್ಮಾನರು ಊರ ಹೊರವಲಯದಲ್ಲಿ ವಾಸವಾಗಿರುವುದನ್ನೂ, ಅವರಿಗೂ ಊರವರಿಗೂ ಕಲಹವುಂಟಾದಾಗಲೆಲ್ಲ ವರ್ತಕರ ಅಗತ್ಯವನ್ನು ಬಲ್ಲ ಅರಸನೇ ನಡುವೆ ನಿಂತು ಸಂಧಾನ ಮಾಡಿಸುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಸೌಹಾರ್ದವೆಂಬುದು ಈ ಊರಿನಲ್ಲಿ ತಾನಾಗಿ ಒದಗಿಬಂದುದಲ್ಲ, ಯಾರಾದರೂ ಶ್ರಮಪಟ್ಟು ಕಾಪಾಡಿಕೊಂಡು ಬಂದುದು ಎಂಬುದನ್ನು ಅವನ ಈ ಮಾತು ತೋರಿಸುವಷ್ಟು ಚೆನ್ನಾಗಿ ಬೇರಾವುದೂ ತೋರಿಸದು. ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆಯ ಕಂಬಗಳನ್ನು ನೋಡಿದವರಿಗೆ, ಕಡಲಾಚೆಯಿಂದ ಬಂದ ಧರ್ಮವು ಈ ನಾಡಿನ ಬಡಗಿಯ ಕೈಕುಶಲದಲ್ಲಿ ಎಷ್ಟು ಬೇಗ ಮನೆಮಾಡಿಕೊಂಡಿತೆಂಬುದು ವಿದಿತವಾಗುವುದು.

ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ಎರಡು ಬಗೆಯ ವಲಸೆಗಾರರು ಬಂದರು: ಮತಾಂತರದ ಭಯದಿಂದ ಹೊರಟ ಗೌಡ ಸಾರಸ್ವತರು ಮತ್ತು ಮತಾಂತರಗೊಂಡ ಬಳಿಕವೂ ಅಲ್ಲಿನ ಉಪದ್ರವಗಳಿಂದ ಬೇಸತ್ತ ಕ್ರೈಸ್ತರು. ಇಬ್ಬರ ಮನೆಮಾತೂ ಕೊಂಕಣಿ. ಮೊದಲಿನವರು ರಥಬೀದಿಯಲ್ಲಿ ವೆಂಕಟರಮಣ ದೇವಾಲಯದ ಸುತ್ತ ನೆಲಸಿ ವ್ಯಾಪಾರದಲ್ಲಿ ತೊಡಗಿದರು. ರಥಸಪ್ತಮಿಯಂದು ಅಲ್ಲಿ ನಡೆಯುವ ಕೊಡಿಯಾಲ ತೇರು ಇಂದಿಗೂ ಊರಿನ ದೊಡ್ಡ ಹಬ್ಬ. ಎರಡನೆಯವರು ಕೆಳದಿಯ ನಾಯಕರ ಆಶ್ರಯದಲ್ಲಿ ಬೇಸಾಯಗಾರರಾಗಿ ಬೇರೂರಿದರು. 1784ರಲ್ಲಿ ಟಿಪ್ಪುಸುಲ್ತಾನನು ಇವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದುದೂ, 1799ರ ಅನಂತರ ಬದುಕುಳಿದವರು ಮರಳಿ ಬಂದು ಬರಿಗೈಯಿಂದ ಮತ್ತೆ ಸಂಸಾರ ಹೂಡಿದುದೂ ಈ ಸಮುದಾಯದ ನೆನಪಿನಲ್ಲಿ ಮಾಸದೆ ಉಳಿದಿವೆ. ಸೆಪ್ಟೆಂಬರ್ 8ರಂದು ಇವರು ಆಚರಿಸುವ ಮೊಂತಿ ಹಬ್ಬವನ್ನು ಒಮ್ಮೆಯಾದರೂ ನೋಡಬೇಕು. ಅದಕ್ಕೆ ಮೊದಲಿನ ದಿನಗಳಲ್ಲಿ ಮಕ್ಕಳು ಹಿತ್ತಿಲಿನಿಂದ ಹೂ ಕೊಯ್ದು ತಂದು ಬಾಲಮೇರಿಯ ಮುಂದೆ ಎರಚುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅಂದಿನ ಊಟ ಬಾಳೆಲೆಯ ಮೇಲೆ, ಮೀನು ಮಾಂಸಗಳಿಲ್ಲದೆ. ನೆರೆಯ ತುಳುವರ ಮನೆಯಲ್ಲಿಯೂ ತೆನೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವ ಪದ್ಧತಿಯುಂಟು. ಗದ್ದೆಯೊಂದೇ ಆದಾಗ ಹಬ್ಬಗಳೂ ಹೀಗೆ ಒಡಹುಟ್ಟಿದವಾಗುತ್ತವೆ.

ತುಳುವರ ಸಾಮುದಾಯಿಕ ಜೀವನದ ಕೇಂದ್ರ ದೈವಾರಾಧನೆ. ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಬಂಟರ ಗುತ್ತುಮನೆಗಳೂ, ಬಿಲ್ಲವರ ಗರೋಡಿಗಳೆಂಬ ದೈವಸ್ಥಾನಗಳೂ ನಗರದ ನಡುವೆಯೇ ಇಂದೂ ಇವೆ. ದೈವಕ್ಕೆ ನಡೆಸುವ ನೇಮದ ರಾತ್ರಿ ಮಡಿವಾಳನು ದೀವಟಿಗೆ ಹಿಡಿಯಬೇಕು, ಬಿಲ್ಲವ ಪೂಜಾರಿ ಸೇವೆ ಸಲ್ಲಿಸಬೇಕು, ಗುತ್ತಿನ ಯಜಮಾನನು ಕೈಮುಗಿದು ನಿಲ್ಲಬೇಕು, ಪಂಬದನೋ ನಲಿಕೆಯವನೋ ಪರವನೋ ಗಗ್ಗರ ಕಟ್ಟಿ ದೈವವಾಗಿ ನುಡಿಯಬೇಕು. ಹಗಲಿನಲ್ಲಿ ಅಂಗಳದಾಚೆ ನಿಲ್ಲಬೇಕಾಗಿದ್ದವನ ಮುಂದೆ ಇರುಳಿನಲ್ಲಿ ಯಜಮಾನನು ತಲೆಬಾಗುವ ಈ ವ್ಯವಸ್ಥೆಯನ್ನು ಸಮಾನತೆಯೆಂದು ಹೊಗಳುವವರುಂಟು. ಬೆಳಗಾದೊಡನೆ ಆತನ ಸ್ಥಾನ ಹಿಂದಿನಂತೆಯೇ ಆಗುತ್ತಿದ್ದುದರಿಂದ ಆ ಹೊಗಳಿಕೆಯನ್ನು ಪೂರ್ಣವಾಗಿ ಒಪ್ಪಲಾಗದು. ಆದರೂ ಊರಿನ ವ್ಯಾಜ್ಯಗಳನ್ನು ಎಲ್ಲರೆದುರಿನಲ್ಲಿ ಆಡಿ ತೀರಿಸಿಕೊಳ್ಳಲು ಅದೊಂದು ಕಟ್ಟೆಯಾಗಿತ್ತೆಂಬುದು ಸತ್ಯ.

ಕಡಲಂಚಿನ ಮೊಗವೀರರು ಗುರಿಕಾರರ ನಾಯಕತ್ವದಲ್ಲಿ ಪಟ್ಣಗಳಾಗಿ ಸಂಘಟಿತರಾಗಿ, ಗುರಿಕಾರರ ಮಾತನ್ನು ಕಟ್ಟಳೆಯೆಂದು ನಡೆಸಿಕೊಂಡು ಬಂದವರು. ರಂಪಣಿ ಎಂಬ ಮಹಾಬಲೆಯು ಅವರ ಒಗ್ಗಟ್ಟಿನ ಪ್ರತ್ಯಕ್ಷ ರೂಪ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟುಬಂದು, ಎರಡು ತುದಿಗಳ ಹಗ್ಗವನ್ನು ಹತ್ತಾರು ಮಂದಿ ಮರಳಿನ ಮೇಲೆ ನಿಂತು ಎಳೆಯುವುದು. ಒಡೆತನ ಅನೇಕರದು, ದುಡಿಮೆ ಎಲ್ಲರದು, ಬಂದ ಬಂಗುಡೆ ಬೂತಾಯಿಗಳಲ್ಲಿ ಪಾಲೂ ಎಲ್ಲರಿಗೆ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದ ಹೆಂಗಸರ ಕೈಯಲ್ಲಿ ಸಂಸಾರದ ಹಣವಿರುತ್ತಿತ್ತು. 1970ರ ದಶಕದ ನಡುವಿನಲ್ಲಿ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಬಂದು ಮೀನು ದಡಕ್ಕೆ ಬರುವ ಮೊದಲೇ ಹಿಡಿಯಲ್ಪಡತೊಡಗಿದಾಗ ರಂಪಣಿ ಅಳಿಯಿತು. ಹಿಡಿದ ಮೀನು ಹೆಚ್ಚಿತು, ಪಾಲುದಾರಿಕೆ ಹೋಯಿತು. ಅದು ಬರಿಯ ಬಲೆಯ ನಷ್ಟವಲ್ಲ.

ಆಧುನಿಕ ಯುಗವು 1834ರಲ್ಲಿ ಬಾಸೆಲ್ ಮಿಶನ್ನಿನವರ ಆಗಮನದೊಡನೆ ಕಾಲಿಟ್ಟಿತು. ಹೆರ್ಮನ್ ಮೋಗ್ಲಿಂಗನು 1843ರ ಜುಲೈ 1ರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲ ಪತ್ರಿಕೆ, ಅದೇ ಮಿಶನ್ನಿನ ಕಿಟ್ಟೆಲ್ಲನ ಬೃಹತ್ ಕನ್ನಡ ನಿಘಂಟು 1894ರಲ್ಲಿ ಅಚ್ಚಾದುದೂ ಇಲ್ಲಿಯೇ. ಆದರೆ ಜನಜೀವನದ ದೃಷ್ಟಿಯಿಂದ ಮಿಶನ್ನಿನ ಹೆಂಚಿನ ಕಾರ್ಖಾನೆಯೇ ಹೆಚ್ಚು ಗಣನೀಯ. ಕ್ರೈಸ್ತರಾದ ಕಾರಣದಿಂದಲೇ ಮನೆಯನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಅನ್ನಕ್ಕೊಂದು ದಾರಿ ಬೇಕಾಗಿ, ನೇಯ್ಗೆಯ ಜೊತೆಗೆ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚು ಮಾಡುವ ಕೆಲಸವನ್ನು ಆರಂಭಿಸಿದರು. ನದೀದಡದ ಜೇಡಿಮಣ್ಣಿನಿಂದಾದ ಕೆಂಪು ಹೆಂಚು ಸ್ಥಳೀಯ ಉದ್ಯಮಿಗಳ ಕೈಗೂ ಬಂದು, ಹುಲ್ಲು ಹೊದೆಸಿದ ಮಾಡುಗಳನ್ನು ಕ್ರಮೇಣ ತೆಗೆಯಿಸಿ, ಕಡಲಾಚೆಗೂ ಹೋಯಿತು. 1878ರ ಕೊನೆಯ ದಿನ ಬಂದಿಳಿದ ಜೆಸುಯಿಟ್ ಪಾದ್ರಿಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. ಅವರಲ್ಲೊಬ್ಬರಾದ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಔಷಧಾಲಯವನ್ನೂ ಕುಷ್ಠರೋಗಿಗಳ ಆಶ್ರಯವನ್ನೂ ತೆರೆದರು.

ಮಿಶನರಿಗಳ ಈ ಕೆಲಸಗಳಿಗೆ ಪ್ರತಿಕ್ರಿಯೆಯಾಗಿಯೋ ಅವುಗಳ ಪ್ರೇರಣೆಯಿಂದಲೋ ಊರಿನ ಇತರರೂ ಎಚ್ಚೆತ್ತರು. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನೂ ಬಳಿಕ ಹುಡುಗಿಯರ ಶಾಲೆಯನ್ನೂ ಕಟ್ಟಿ, 1906ರಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಆರಂಭಿಸಿದರು; ಅದೇ ಮುಂದೆ ಕೆನರಾ ಬ್ಯಾಂಕಾಯಿತು. ಕ್ಯಾಥೊಲಿಕರು 1912ರಲ್ಲಿ ತಮ್ಮ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಅತ್ತಾವರ ಬಾಲಕೃಷ್ಣ ಶೆಟ್ಟರ ಮುಂದಾಳುತನದಲ್ಲಿ ಬಂಟರು 1931ರ ವಿಜಯದಶಮಿಯಂದು ವಿಜಯಾ ಬ್ಯಾಂಕನ್ನು ಆರಂಭಿಸಿದರು. ನಡುವೆ 1924ರಲ್ಲಿ ಕರ್ಣಾಟಕ ಬ್ಯಾಂಕು ಹುಟ್ಟಿತು. ಸಾಹುಕಾರರ ಬಡ್ಡಿಯಿಂದ ಬೇಸಾಯಗಾರನನ್ನೂ ಸಣ್ಣ ವ್ಯಾಪಾರಿಯನ್ನೂ ಪಾರುಮಾಡಲು ಹೊರಟ ಈ ನಿಧಿಗಳು ಜಾತಿಯ ನಂಬುಗೆಯ ಮೇಲೆ ನಿಂತು, ಜಾತಿಯ ಎಲ್ಲೆಯನ್ನು ದಾಟಿ ಬೆಳೆದವು.

ಈ ನಂಬುಗೆಯ ವರ್ತುಲದ ಹೊರಗೇ ಉಳಿದವರ ಕಥೆಯನ್ನು ಹೇಳದೆ ಈ ಇತಿಹಾಸ ಪೂರ್ಣವಾಗದು. ವಕೀಲರಾಗಿದ್ದ ಕುದ್ಮುಲ್ ರಂಗರಾಯರು (1859–1928) ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿ, ಆ ಜನರಿಗೆ ವಿದ್ಯೆಯ ಜೊತೆಗೆ ನೆಲವೂ ಮನೆಯೂ ಕಸುಬೂ ಬೇಕೆಂದು ಕೊನೆಯವರೆಗೂ ದುಡಿದರು. ತಮ್ಮ ಶವವನ್ನು ಆ ಸಮುದಾಯದವರೇ ಹೊರಬೇಕೆಂಬುದು ಅವರ ಅಂತಿಮ ಇಚ್ಛೆಯಾಗಿತ್ತು. ಇಂದಿನ ಪುರಭವನಕ್ಕೆ ಅವರ ಹೆಸರನ್ನಿಟ್ಟಿರುವುದು ಯೋಗ್ಯವೇ ಸರಿ.

ದೇವಾಲಯಗಳೊಳಗೆ ಪ್ರವೇಶವಿಲ್ಲದ ಬಿಲ್ಲವರು ಇನ್ನೊಂದು ದಾರಿಯನ್ನು ಹಿಡಿದರು. 1870ರಲ್ಲಿ ಅರಸಪ್ಪನವರ ಪ್ರಯತ್ನದಿಂದ ಬ್ರಹ್ಮಸಮಾಜವು ಇಲ್ಲಿಗೆ ಬಂದರೂ ಅದು ಬಹುಜನರ ಮನಸ್ಸನ್ನು ಮುಟ್ಟಲಿಲ್ಲ. ಅನಂತರ ಹೊಯಿಗೆಬಜಾರಿನ ಕೊರಗಪ್ಪನವರು ಕೇರಳಕ್ಕೆ ಹೋಗಿ ಸುಧಾರಕ ಸಂತ ನಾರಾಯಣಗುರುಗಳನ್ನು ಬರಮಾಡಿಕೊಂಡರು. ಕುದ್ರೋಳಿಯಲ್ಲಿ ಕಟ್ಟಿದ ಗೋಕರ್ಣನಾಥ ದೇವಾಲಯದಲ್ಲಿ 1912ರಲ್ಲಿ ಗುರುಗಳೇ ಶಿವಲಿಂಗವನ್ನು ಪ್ರತಿಷ್ಠಾಪಿಸಿದರು. ಬೇಡಿ ಪಡೆಯಬೇಕಾಗಿದ್ದ ಪ್ರವೇಶವನ್ನು ಬೇಡದೆ, ತಮ್ಮ ದೇವರಿಗೆ ತಾವೇ ಮನೆ ಕಟ್ಟಿದ ಈ ನಡೆಯು ಸಂಘರ್ಷಕ್ಕಿಂತ ಗಂಭೀರವಾದ ಉತ್ತರವಾಗಿತ್ತು.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ನಗರದ ಅಸಂಖ್ಯಾತ ಮನೆಗಳನ್ನು ನಡೆಸಿದುದು ಬೀಡಿ. ನೆನೆಹಾಕಿದ ಎಲೆಯನ್ನು ಅಳತೆಗೆ ಕತ್ತರಿಸಿ, ತೊಡೆಯ ಮೇಲಿನ ಗೆರಸೆಯಿಂದ ಹೊಗೆಸೊಪ್ಪಿನ ಪುಡಿ ತುಂಬಿ, ಸುತ್ತಿ, ನೂಲು ಕಟ್ಟಿ, ಸಂಜೆಯ ಹೊತ್ತಿಗೆ ಲೆಕ್ಕಮಾಡಿ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ಯುತ್ತಿದ್ದ ಹೆಂಗಸರು ಹಿಂದೂ, ಬ್ಯಾರಿ, ಕ್ರೈಸ್ತರೆಂಬ ಭೇದವಿಲ್ಲದೆ ಒಂದೇ ಜಗಲಿಯಲ್ಲಿ ಕೂಡುತ್ತಿದ್ದರು. ಮಕ್ಕಳ ಶಾಲೆಯ ಖರ್ಚು ಬಹುಮಟ್ಟಿಗೆ ಅಲ್ಲಿಂದಲೇ ಬಂದಿತು. ಗಂಡಸರು ಮುಂಬಯಿಯ ಹೋಟೆಲುಗಳಿಗೂ, 1970ರ ದಶಕದಿಂದ ಕೊಲ್ಲಿದೇಶಗಳಿಗೂ ಹೋದರು. 1974ರ ಭೂಸುಧಾರಣೆಯು ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು; ಮರುವರ್ಷ ಪಣಂಬೂರಿನಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರೂ ಅದರ ಸುತ್ತಣ ಕೈಗಾರಿಕೆಗಳೂ ಉದ್ಯೋಗವನ್ನು ಕೊಟ್ಟವು, ಅನೇಕರ ನೆಲವನ್ನೂ ಕಸಿದವು.

ಇತ್ತೀಚಿನ ದಶಕಗಳಲ್ಲಿ ಮತೀಯ ವೈಷಮ್ಯವು ಈ ಊರನ್ನು ಮತ್ತೆ ಮತ್ತೆ ಬಾಧಿಸಿದೆ. 2008ರ ಸೆಪ್ಟೆಂಬರಿನಲ್ಲಿ ಇಗರ್ಜಿಗಳ ಮೇಲೆ ನಡೆದ ದಾಳಿಗಳು ಹಿಂದಿನ ನೆರೆಹೊರೆಯನ್ನು ಬಲ್ಲವರಿಗೆ ಆಳವಾದ ವ್ಯಥೆಯನ್ನುಂಟುಮಾಡಿದುವು. ಹಿಂದಿನವರು ಕಟ್ಟಿದ ಸಂಸ್ಥೆಗಳೂ ಎಲ್ಲವೂ ಹಾಗೆಯೇ ಉಳಿಯಲಿಲ್ಲ: ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. ಆದರೂ ಕಟ್ಟುವ ಕೆಲಸ ನಿಂತಿಲ್ಲ. 1994ರಲ್ಲಿ ತುಳು ಮತ್ತು ಕೊಂಕಣಿಗೂ 2007ರಲ್ಲಿ ಬ್ಯಾರಿಗೂ ಅಕಾಡೆಮಿಗಳು ಸ್ಥಾಪಿತವಾಗಿ, ಬಹುಕಾಲ ನಾಲಗೆಯ ಮೇಲೆಯೇ ಉಳಿದಿದ್ದ ಸಾಹಿತ್ಯಕ್ಕೆ ಪುಸ್ತಕರೂಪ ಬರತೊಡಗಿತು. 1991ರಲ್ಲಿ ಜೀರ್ಣೋದ್ಧಾರಗೊಂಡ ಕುದ್ರೋಳಿಯ ದೇವಾಲಯದ ದಸರಾ ಮೆರವಣಿಗೆಯಲ್ಲಿ ಈಗ ನಗರದ ಎಲ್ಲ ವರ್ಗಗಳ ಜನರೂ ಸೇರುತ್ತಾರೆ. 2013ರಲ್ಲಿ ಅಲ್ಲಿನ ಆಡಳಿತವು ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿ, ನಾರಾಯಣಗುರುಗಳು ಆರಂಭಿಸಿದ ಕೆಲಸವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿತು.