ಗೋಡೆಗೆ ಬಣ್ಣ, ಮಾಡಿಗೆ ಹೆಂಚು



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ - ಈ ನಾಲ್ಕು ತಾಲ್ಲೂಕುಗಳ ಯಾವುದೇ ಹಳ್ಳಿಯ ರಸ್ತೆಯಲ್ಲಿ ಹೋಗುವಾಗ ನೀವು ಸರ್ಕಾರಿ ಪ್ರಾಥಮಿಕ ಶಾಲೆಯೊಂದನ್ನು ಕಂಡಿರುತ್ತೀರಿ. ಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಮುಂದೊಂದು ಜಗಲಿ, ಅಂಗಳದಲ್ಲಿ ಧ್ವಜಸ್ತಂಭ. ಕೆಲವು ಶಾಲೆಗಳ ಗೋಡೆಗಳು ಬಣ್ಣಬಣ್ಣವಾಗಿ ಕಂಗೊಳಿಸುತ್ತವೆ. ವರ್ಣಮಾಲೆ, ಭಾರತದ ಭೂಪಟ, ಆನೆ, ನವಿಲು, ಮೂಲೆಯಲ್ಲಿ ಬಣ್ಣ ಬಳಿದವರ ಹೆಸರು. ಅವರು ನಗರದ ಕಾಲೇಜಿನ ವಿದ್ಯಾರ್ಥಿಗಳಾಗಿರಬಹುದು, ಸಮುದ್ರದಾಚೆಯಿಂದ ಎರಡು ಮೂರು ವಾರಗಳ ಸೇವಾಯಾತ್ರೆಗೆಂದು ಬಂದ ಯುವಕ ಯುವತಿಯರೂ ಆಗಿರಬಹುದು.

ತಮ್ಮದಲ್ಲದ ಊರಿಗೆ ಹೋಗಿ, ಕೂಲಿ ಪಡೆಯದೆ, ಗುದ್ದಲಿ ಹಿಡಿದು ದುಡಿಯುವ ಈ ಪದ್ಧತಿ ಎಲ್ಲಿಂದ ಬಂದಿತು? ನೂರು ವರ್ಷಗಳಲ್ಲಿ ಅದು ಕಲಿತ ಪಾಠವೇನು? ನಮ್ಮ ಧರ್ಮಕೇಂದ್ರಗಳ ಮಕ್ಕಳೂ ಇಂತಹ ಶಿಬಿರಗಳಿಗೆ ಹೋಗುತ್ತಿರುವುದರಿಂದ, ನಮ್ಮ ಊರುಗಳಿಗೂ ಇಂತಹ ತಂಡಗಳು ಬರುತ್ತಿರುವುದರಿಂದ, ಈ ಚರಿತ್ರೆಯನ್ನು ಒಮ್ಮೆ ನೋಡುವುದು ಒಳ್ಳೆಯದೆಂದು ತೋರುತ್ತದೆ.

ಈ ಕಥೆ ಆರಂಭವಾಗುವುದು ಯುದ್ಧದ ಬೂದಿಯಲ್ಲಿ. ಮೊದಲನೆಯ ಮಹಾಯುದ್ಧ ಮುಗಿದಾಗ ಫ್ರಾನ್ಸ್ ದೇಶದ ವರ್ಡನ್ ಸುತ್ತಮುತ್ತಲಿನ ಹಳ್ಳಿಗಳು ನೆಲಸಮವಾಗಿದ್ದವು. 1920ರಲ್ಲಿ, ವರ್ಡನ್‌ಗೆ ಸಮೀಪದ ಎಸ್ನ್ ಎಂಬ ಹಾಳುಬಿದ್ದ ಹಳ್ಳಿಗೆ ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬಾತ ಒಂದು ಚಿಕ್ಕ ತಂಡದೊಡನೆ ಬಂದನು. ಅವನ ತಂದೆ 1873ರಲ್ಲಿ ಆ ದೇಶದ ಅಧ್ಯಕ್ಷರಾಗಿದ್ದವರು. ಎಂಜಿನಿಯರಿಂಗ್ ಕಲಿತಿದ್ದ ಮಗನು ಮಾತ್ರ ಯುದ್ಧಕ್ಕೆ ಸಲ್ಲುವ ತೆರಿಗೆಯನ್ನು ಕಟ್ಟಲಾರೆನೆಂದು ಸೆರೆಮನೆಗೆ ಹೋದವನು. ಬಂದೂಕು ಹಿಡಿಯದವನು ದೇಶಕ್ಕೆ ಏನನ್ನು ಕೊಡಬಲ್ಲ ಎಂಬ ಪ್ರಶ್ನೆಗೆ ಅವನ ಉತ್ತರ ಗುದ್ದಲಿಯಾಗಿತ್ತು. ಅವನ ತಂಡದಲ್ಲಿ ಜರ್ಮನರೂ ಇದ್ದರು. ಎರಡು ವರ್ಷಗಳ ಹಿಂದೆ ಶತ್ರುಗಳಾಗಿದ್ದವರು, ತಮ್ಮ ಸೈನ್ಯವು ಕೆಡವಿದ್ದನ್ನು ಕಟ್ಟಿಕೊಡಲು ಬಂದಿದ್ದರು.

ಆ ಶಿಬಿರ ಬಹುಕಾಲ ನಡೆಯಲಿಲ್ಲ. ಜರ್ಮನರ ಇರವು ಆ ನಾಡಿನವರಿಗೆ ಸಹ್ಯವಾಗಲಿಲ್ಲ. ಗಾಯ ಇನ್ನೂ ಹಸಿಯಾಗಿತ್ತು. 1921ರ ವಸಂತದಲ್ಲಿ ತಂಡವು ಊರು ಬಿಡಬೇಕಾಯಿತು. ಈ ಚಳವಳಿಯ ಮೊತ್ತಮೊದಲ ಪಾಠ ಇದೇ ಆಗಿತ್ತು: ಕೊಡುವವನ ಮನಸ್ಸು ಶುದ್ಧವಾಗಿದ್ದರೂ, ಪಡೆಯುವವನ ಮನಸ್ಸನ್ನು ಕೇಳದೆ ಕೊಡಲಾಗದು. ಆದರೂ ಬೀಜ ನೆಲಕ್ಕೆ ಬಿದ್ದಿತ್ತು. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಅಲ್ಲಿಂದಲೇ ಬೆಳೆಯಿತು.

ಅದೇ ಸೆರೆಸೋಲ್ ಭಾರತಕ್ಕೂ ಬಂದನೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳವನ್ನು ನಡುಗಿಸಿದ ಭೂಕಂಪದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಮಡಿದರು. ಆಗ ಐವತ್ತೈದರ ಸಮೀಪದಲ್ಲಿದ್ದ ಸೆರೆಸೋಲ್ ಗಾಂಧೀಜಿಯವರನ್ನೂ ಬಾಬು ರಾಜೇಂದ್ರ ಪ್ರಸಾದರನ್ನೂ ಕಂಡು, ಬೆರಳೆಣಿಕೆಯ ಸಂಗಡಿಗರೊಡನೆ ಮುಜಫ್ಫರಪುರದ ಕಡೆ ಕೆಲಸಕ್ಕಿಳಿದನು. ನೆರೆಯಿಂದ ಪದೇ ಪದೇ ಮುಳುಗುತ್ತಿದ್ದವರಿಗೆ ಎತ್ತರದ ನೆಲದಲ್ಲಿ ಹೊಸ ಹಳ್ಳಿ ಕಟ್ಟುವ ಕೆಲಸ ಅದು. ಒಂದು ಹಳ್ಳಿಗೆ ಶಾಂತಿಪುರ ಎಂದು ಹೆಸರಿಟ್ಟರು. 1937ರವರೆಗೆ ಈ ಕಾರ್ಯ ನಡೆಯಿತು. ಗಮನಿಸಿ: ಬಂದವರು ಕೆಲವೇ ಜನ, ಆದರೆ ಅವರು ವಾರಗಳ ಲೆಕ್ಕದಲ್ಲಿ ಬರಲಿಲ್ಲ. ಬಿಸಿಲನ್ನೂ ಮಳೆಯನ್ನೂ ಊರಿನವರೊಡನೆ ಕಂಡರು.

ಎರಡನೆಯ ಮಹಾಯುದ್ಧದ ನಂತರ ಈ ಪ್ರವಾಹ ಹಿಗ್ಗಿತು. ನಮ್ಮ ಕಥೋಲಿಕ ಧರ್ಮಸಭೆಯೂ ಅದರಲ್ಲಿ ಪಾಲ್ಗೊಂಡಿತು. ನಿರಾಶ್ರಿತ ಜರ್ಮನರಿಗೆ ಆಹಾರ ಕೂಡಿಸಿ ಕಳುಹಿಸಿ ಪ್ರಸಿದ್ಧರಾದ ಡಚ್ ಗುರು ವೆರೆನ್‌ಫ್ರೀಡ್ ವಾನ್ ಸ್ಟ್ರಾಟೆನ್ ಅವರು 1953ರಲ್ಲಿ, ಮನೆ ಕಳೆದುಕೊಂಡವರಿಗೆ ಮನೆ ಕಟ್ಟಿಕೊಡುವ ಯುವಜನರ ಸಂಘವೊಂದನ್ನು ಸ್ಥಾಪಿಸಿದರು. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರು ಪೀಸ್ ಕೋರ್ ಆರಂಭಿಸಿದರು. ಅದೇ ವರ್ಷದಿಂದ 1976ರವರೆಗೆ ಸಾವಿರಾರು ಅಮೆರಿಕನ್ ತರುಣರು ಭಾರತದ ಹಳ್ಳಿಗಳಲ್ಲಿ ಕೋಳಿ ಸಾಕಣೆ, ಕೃಷಿ, ಆರೋಗ್ಯ, ಬೋಧನೆ ಎಂದು ಸೇವೆ ಸಲ್ಲಿಸಿದರು.

1967ರ ಮಾರ್ಚ್ 26ರಂದು ಜಗದ್ಗುರು ಆರನೆಯ ಪೌಲರು ಜನಾಂಗಗಳ ಪ್ರಗತಿಯನ್ನು ಕುರಿತ ತಮ್ಮ ವಿಶ್ವಪತ್ರ 'ಪೊಪುಲೋರುಮ್ ಪ್ರೊಗ್ರೆಸ್ಸಿಯೊ'ವನ್ನು ಹೊರಡಿಸಿದರು. ಪರದೇಶಗಳಲ್ಲಿ ಸೇವೆ ಮಾಡಲು ಮುಂದಾಗುವ ಯುವಜನರನ್ನು ಅವರು ಅದರಲ್ಲಿ ಸಂತೋಷದಿಂದ ಸ್ಮರಿಸುತ್ತಾರೆ. ಅದರೊಂದಿಗೇ ಒಂದು ಎಚ್ಚರಿಕೆಯನ್ನೂ ಕೊಡುತ್ತಾರೆ: ನೆರವಿಗೆಂದು ಹೋದವರು ಒಡೆಯರಂತೆ ನಡೆದುಕೊಳ್ಳದೆ ಜೊತೆಗಾರರಂತೆ ಇರಬೇಕು, ಆ ನಾಡಿನ ಚರಿತ್ರೆಯನ್ನೂ ಸಂಸ್ಕೃತಿಯನ್ನೂ ಅರಿಯಲು ಯತ್ನಿಸಬೇಕು.

ಮರುವರ್ಷವೇ ಈ ಎಚ್ಚರಿಕೆ ಕಠೋರವಾದ ದನಿಯಲ್ಲಿ ಕೇಳಿಬಂದಿತು. 1968ರ ಏಪ್ರಿಲ್ 20ರಂದು ಮೆಕ್ಸಿಕೊದ ಕ್ವೆರ್ನವಾಕಾದಲ್ಲಿ, ಬೇಸಿಗೆ ರಜೆಯಲ್ಲಿ ಬಡ ಹಳ್ಳಿಗಳ ಸೇವೆಗೆ ಹೊರಟಿದ್ದ ಅಮೆರಿಕನ್ ವಿದ್ಯಾರ್ಥಿಗಳ ಮುಂದೆ ನಿಂತು, ಇವಾನ್ ಇಲಿಚ್ ಎಂಬ ಕಥೋಲಿಕ ಗುರುವು ಅವರ ಒಳ್ಳೆಯ ಉದ್ದೇಶವನ್ನೇ ಪ್ರಶ್ನಿಸಿದರು. ಭಾಷೆ ಬಾರದ, ಬದುಕು ತಿಳಿಯದ ಊರಿಗೆ ಕೆಲವು ವಾರಗಳ ಮಟ್ಟಿಗೆ ಹೋಗಿ ನೀವು ಯಾರಿಗೆ ನೆರವಾಗುತ್ತೀರಿ ಎಂಬುದು ಅವರ ಪ್ರಶ್ನೆಯ ತಿರುಳು. ಕಲಿಯಲು ಬನ್ನಿ, ಅತಿಥಿಗಳಾಗಿ ಬನ್ನಿ, ಉದ್ಧಾರಕರಾಗಿ ಬರಬೇಡಿ ಎಂಬುದು ಅವರ ಮಾತಿನ ಸಾರ. ಗುರುಮಠದಲ್ಲಿ ಮೊದಲ ಬಾರಿ ಆ ಭಾಷಣದ ವಿಚಾರ ಕೇಳಿದಾಗ ಅದು ಅತಿಯಾಯಿತೆಂದು ನನಗೆ ಅನ್ನಿಸಿತ್ತು. ಏಕೆ ಅಭಿಪ್ರಾಯ ಬದಲಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮ ದೇಶವೂ ಇದೇ ಕಾಲದಲ್ಲಿ ತನ್ನ ದಾರಿಯನ್ನು ಹುಡುಕಿಕೊಂಡಿತು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದ ವಿ. ಕೆ. ಆರ್. ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ನೀಡಿದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದವರೂ ಅವರೇ. 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳಿಂದ ಆರಂಭವಾದ ಆ ಯೋಜನೆಯ ಹೆಸರನ್ನು ತಿಳಿಯದ ಕಾಲೇಜು ಇಂದು ಇಲ್ಲವೆನ್ನಬಹುದು. ಚರಂಡಿ ತೆಗೆಯುವುದು, ಸಸಿ ನೆಡುವುದು, ಶಾಲೆಗೆ ಸುಣ್ಣ ಬಳಿಯುವುದು, ಸಂಜೆ ಊರಿನವರ ಮುಂದೆ ನಾಟಕ ಆಡುವುದು - ಈ ಲೇಖನವನ್ನು ಓದುತ್ತಿರುವ ತಂದೆತಾಯಿಯರಲ್ಲಿಯೂ ಹಲವರಿಗೆ ಆ ಶಿಬಿರಗಳ ನೆನಪಿರಬಹುದು.

ಹೊರದೇಶಗಳಲ್ಲಿ ಇದು ಸಾಹಸಯಾತ್ರೆಯ ರೂಪವನ್ನೂ ತಾಳಿತು. 1984ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಆಪರೇಷನ್ ರಾಲಿ ಮುಂದೆ ರಾಲಿ ಇಂಟರ್‌ನ್ಯಾಷನಲ್ ಎನಿಸಿ, ಕೆಲವು ವರ್ಷ ನಮ್ಮ ಕರ್ನಾಟಕದ ಹಳ್ಳಿಗಳಲ್ಲಿಯೂ ಕೆಲಸ ಮಾಡಿತು. 2022ರಲ್ಲಿ ಆ ಸಂಸ್ಥೆ ಬಾಗಿಲು ಮುಚ್ಚಿತು. 2000ದಲ್ಲಿ ಸಿಂಗಪುರವು ಯೂತ್ ಎಕ್ಸ್‌ಪೆಡಿಷನ್ ಪ್ರಾಜೆಕ್ಟ್ ಎಂಬ ಯೋಜನೆಯಡಿ ತನ್ನ ಯುವಜನರನ್ನು ಏಷ್ಯಾದ ಇತರ ದೇಶಗಳ ಹಳ್ಳಿಗಳಿಗೆ ಕಳುಹಿಸತೊಡಗಿತು. ಶಾಲೆಯ ದುರಸ್ತಿ, ಬಣ್ಣ, ಗ್ರಂಥಾಲಯ - ಇವು ಇಂತಹ ಯಾತ್ರೆಗಳ ಸಾಮಾನ್ಯ ಕೆಲಸಗಳಾದವು.

ಇನ್ನು ಶಾಲೆಯ ಕಡೆಗೆ ಬರೋಣ. ಊರ ಶಾಲೆಯೆಂಬುದು ಬರಿಯ ಕಟ್ಟಡವಲ್ಲ. ಚಾವಡಿಯಲ್ಲಿ, ಗುಡಿಯ ಜಗಲಿಯಲ್ಲಿ, ಕೂಲಿ ಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದುತ್ತಿದ್ದ ಕಾಲ ನಮ್ಮ ಅಜ್ಜಂದಿರದು. 1868ರಲ್ಲಿ, ಬಿ. ಎಲ್. ರೈಸ್ ಅವರ ಯೋಜನೆಯಂತೆ, ಮೈಸೂರು ಸಂಸ್ಥಾನದಲ್ಲಿ ಹೋಬಳಿ ಶಾಲೆಗಳು ತಲೆಯೆತ್ತಿದವು. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತು. ಆಮೇಲೆ ಎಷ್ಟೋ ಹಳ್ಳಿಗಳಲ್ಲಿ ಒಬ್ಬರು ಜಾಗ ಕೊಟ್ಟರು, ಇನ್ನೊಬ್ಬರು ಗಾಡಿಯಲ್ಲಿ ಕಲ್ಲು ಹೊಡೆದರು, ಮತ್ತೊಬ್ಬರು ತೊಲೆಗೆಂದು ಮರ ಕಡಿಸಿದರು. ಹೀಗೆ ಎದ್ದ ಗೋಡೆಗಳಿಗೆ ಊರಿನ ನೆನಪು ಅಂಟಿಕೊಂಡಿರುತ್ತದೆ. 2001ರಲ್ಲಿ ರಾಜ್ಯ ಸರ್ಕಾರವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿ, ಮಕ್ಕಳ ಪೋಷಕರನ್ನೇ ಅವುಗಳ ಸದಸ್ಯರನ್ನಾಗಿ ಮಾಡಿದ್ದರ ಹಿಂದೆಯೂ ಈ ತಿಳಿವಳಿಕೆಯಿದೆ: ಶಾಲೆ ಊರಿನದು.

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. 2004ರ ಡಿಸೆಂಬರಿನಲ್ಲಿ ಸಮುದ್ರದಾಚೆಯ ದೇಶವೊಂದರಿಂದ ಹದಿನೆಂಟು ಯುವಕ ಯುವತಿಯರು ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯೊಂದಕ್ಕೆ ಬಂದರು. ಆಗ ಕಿರಿಯ ಗುರುವಾಗಿದ್ದ ನನಗೆ ಅವರ ಊಟ, ವಸತಿ, ಕೆಲಸವನ್ನು ಏರ್ಪಡಿಸುವ ಹೊಣೆ ಬಿದ್ದಿತು. ಶಾಲೆಯನ್ನು ನಾನೇ ಆರಿಸಿದೆ. ಬಣ್ಣವನ್ನು ನಾನೇ ಕೊಂಡು ತಂದೆ. ಹನ್ನೆರಡು ದಿನ ಆ ಮಕ್ಕಳು ಬೆವರು ಸುರಿಸಿ ದುಡಿದರು. ಗೋಡೆ ಕೆರೆದರು, ಗಾರೆ ಮೆತ್ತಿದರು, ಬಣ್ಣ ಬಳಿದರು. ಅಂಗೈಯ ಬೊಕ್ಕೆಗಳನ್ನು ತೋರಿಸಿ ನಕ್ಕರು. ಹೊರಡುವ ದಿನ ಊರಿನ ಹೆಂಗಸರು ಅವರ ಹಣೆಗೆ ಕುಂಕುಮವಿಟ್ಟು, ಮಡಿಲಿಗೆ ಚಕ್ಕೋತದ ಹಣ್ಣು ಹಾಕಿದಾಗ ಎರಡೂ ಕಡೆ ಕಣ್ಣೀರು. ಆ ಪ್ರೀತಿ ಸುಳ್ಳಾಗಿರಲಿಲ್ಲ.

ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಒಮ್ಮೆ ಆ ಕಡೆ ಹೋದೆ. ಎರಡು ಒಳ್ಳೆಯ ಮಳೆ ಬಿದ್ದಿತ್ತು. ಗೋಡೆಯ ಮೇಲಿನ ನವಿಲಿನ ಗರಿ ಉಬ್ಬಿ ಉದುರುತ್ತಿತ್ತು. ಒಳಗೆ ಮಕ್ಕಳು ಒಂದೇ ಮೂಲೆಗೆ ಸರಿದು ಕುಳಿತಿದ್ದರು. ನಾಲ್ಕು ಕಡೆ ಬಕೆಟ್ಟುಗಳಿದ್ದವು. ಜಗಲಿಯಲ್ಲಿ ಕುಳಿತಿದ್ದ ವೃದ್ಧರೊಬ್ಬರು ನನ್ನನ್ನು ಕಂಡು ಎದ್ದು ನಿಂತರು. ಅವರು ಊರಿನ ಗಾರೆ ಕೆಲಸದವರು. ಆ ಗೋಡೆಯನ್ನು ತಮ್ಮ ಯೌವನದಲ್ಲಿ ತಾವೇ ಕಟ್ಟಿದ್ದರೆಂದು ಅಂದೇ ನನಗೆ ತಿಳಿದದ್ದು.

"ಸ್ವಾಮಿ, ಆ ಮಕ್ಕಳು ಪಾಪ ಬಲೇ ಕಷ್ಟಪಟ್ರು. ಬಣ್ಣ ಚೆನ್ನಾಗೈತೆ. ಆದ್ರೆ ನೀರು ಬರೋದು ಮೇಲಿಂದ ಅಲ್ವರಾ?" ಎಂದರು.

"ನೀವು ಆಗಲೇ ಹೇಳಬಹುದಿತ್ತಲ್ಲ, ಅಜ್ಜ?" ಎಂದೆ.

"ಯಾರೂ ಕೇಳಲಿಲ್ವಲ್ಲ ಸ್ವಾಮಿ," ಎಂದರು. ಆ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಅದು ಇದ್ದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲವೇನೋ.

ತಪ್ಪು ಆ ಹದಿನೆಂಟು ಮಕ್ಕಳದಲ್ಲ. ಅವರು ಹೇಳಿದ ಕೆಲಸವನ್ನು ಮಾಡಿದರು. ಈ ನೆಲದವನಾದ ನಾನು, ಈ ಭಾಷೆಯನ್ನಾಡುವ ನಾನು, ಫೋಟೋದಲ್ಲಿ ಕಾಣುವ ಕೆಲಸವನ್ನು ಆರಿಸಿದ್ದೆ. ಒಡೆದ ಹೆಂಚು ಫೋಟೋದಲ್ಲಿ ಕಾಣುವುದಿಲ್ಲ. ಇಲಿಚ್ ಅವರ ಪ್ರಶ್ನೆ ವಿದೇಶೀಯರಿಗೆ ಮಾತ್ರ ಹಾಕಿದ್ದಲ್ಲವೆಂದು ಆ ದಿನ ತಿಳಿಯಿತು.

ಅಂದು ಸಂಜೆ ಪವಿತ್ರ ಬೈಬಲಿನಲ್ಲಿ ನೆಹೆಮೀಯನ ಗ್ರಂಥವನ್ನು ತೆರೆದೆ. ನೀವೂ ಬಿಡುವಿದ್ದಾಗ ಮನೆಯಲ್ಲಿ ಓದಿರಿ. ನೆಹೆಮೀಯನೂ ದೂರದೇಶದಿಂದ ಬಂದವನೇ. ಪರ್ಷಿಯಾದ ಶೂಷನ್ ಅರಮನೆಯಲ್ಲಿ ಅರಸನ ಪಾನಸೇವಕನಾಗಿದ್ದವನು, ಜೆರುಸಲೇಮಿನ ಗೋಡೆ ಕುಸಿದಿದೆಯೆಂದು ಕೇಳಿ ಅತ್ತು, ಅಪ್ಪಣೆ ಪಡೆದು ಹೊರಟನು. ಬಂದೊಡನೆ ಅವನು ಕಲ್ಲೆತ್ತಲಿಲ್ಲ. ಮೂರು ದಿನ ಸುಮ್ಮನಿದ್ದನು. ಅನಂತರ ರಾತ್ರಿಯ ಹೊತ್ತು ಕೆಲವರನ್ನು ಮಾತ್ರ ಕರೆದುಕೊಂಡು, ಯಾರಿಗೂ ಏನನ್ನೂ ಹೇಳದೆ, ಗೋಡೆ ಎಲ್ಲೆಲ್ಲಿ ಬಿದ್ದಿದೆಯೆಂದು ಸುತ್ತಾಡಿ ನೋಡಿದನು. ಆಮೇಲೆ ಊರಿನವರನ್ನು ಕೂಡಿಸಿದನು. ಮೂರನೆಯ ಅಧ್ಯಾಯ ಪೂರ್ತಿ ಹೆಸರುಗಳ ಪಟ್ಟಿ. ಯಾಜಕರು, ಅಕ್ಕಸಾಲಿಗರು, ಸುಗಂಧ ದ್ರವ್ಯ ಮಾಡುವವರು, ಹೆಣ್ಣುಮಕ್ಕಳೊಡನೆ ಬಂದ ಒಬ್ಬ ತಂದೆ. ಎಷ್ಟೋ ಜನ ತಮ್ಮ ತಮ್ಮ ಮನೆಯ ಎದುರಿನ ಗೋಡೆಯನ್ನೇ ಕಟ್ಟಿದರು. ತೆಕೋವದ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲವೆಂಬುದನ್ನೂ ಗ್ರಂಥ ಮರೆಯದೆ ಬರೆದಿಟ್ಟಿದೆ. 52 ದಿನಗಳಲ್ಲಿ ಗೋಡೆ ಮುಗಿಯಿತು. ಹೊರಗಿನಿಂದ ಬಂದವನು ಒಬ್ಬ, ಕಟ್ಟಿದವರು ಊರಿನವರು.

ಮರುವರ್ಷ ಜನವರಿಯಲ್ಲಿ, ಸುಗ್ಗಿ ಮುಗಿದ ಮೇಲೆ, ಶಾಲಾ ಸಮಿತಿಯವರು, ಶಿಕ್ಷಕರು, ನಮ್ಮ ಧರ್ಮಕೇಂದ್ರದ ಯುವಕರು ಸೇರಿ ಎರಡು ದಿನ ಮಾಡಿನ ಕೆಲಸ ಮಾಡಿದೆವು. ಒಡೆದ ಹೆಂಚುಗಳನ್ನು ತೆಗೆದು, ಗೆದ್ದಲು ಹಿಡಿದ ರಿಪೀಸುಗಳನ್ನು ಬದಲಿಸಿದೆವು. ಮೇಸ್ತ್ರಿ ಆ ಅಜ್ಜನೇ. ಮೇಲೆ ಹತ್ತುವ ಶಕ್ತಿ ಅವರಿಗಿರಲಿಲ್ಲ. ಕೆಳಗೆ ಕುರ್ಚಿ ಹಾಕಿ ಕೂರಿಸಿದ್ದೆವು. ಕೈ ತೋರಿಸಿ ತೋರಿಸಿ ಹುಡುಗರಿಂದ ಕೆಲಸ ತೆಗೆದರು. ಆ ಹದಿನೆಂಟು ಜನರಲ್ಲಿ ಒಬ್ಬಳು ಹುಡುಗಿ ಕ್ರಿಸ್ಮಸ್ ಹಬ್ಬಕ್ಕೆ ನನಗೆ ಕಾಗದ ಬರೆದಿದ್ದಳು. ಮಳೆಗಾಲದಲ್ಲಿ ಶಾಲೆ ಹೇಗಿತ್ತು ಎಂದು ಕೇಳಿದ್ದಳು. ಇದ್ದದ್ದನ್ನು ಇದ್ದಂತೆಯೇ ಬರೆದೆ. ಅವಳೂ ಗೆಳೆಯರೂ ಹೆಂಚಿಗೆಂದು ಹಣ ಕಳುಹಿಸಿದರು. ಸೇವೆ ಅವಳಿಗೆ ಹನ್ನೆರಡನೆಯ ದಿನಕ್ಕೆ ಮುಗಿದಿರಲಿಲ್ಲ.

ಪ್ರಿಯ ತಂದೆತಾಯಿಯರೇ, ನಿಮ್ಮ ಮಗನೋ ಮಗಳೋ ಶಿಬಿರಕ್ಕೆ ಹೊರಟಾಗ ದಯವಿಟ್ಟು ತಡೆಯಬೇಡಿರಿ. ಅಂಗೈಯಲ್ಲಿ ಬೊಕ್ಕೆಯೇಳದ ವಿದ್ಯೆ ಅರೆವಿದ್ಯೆ. ಆದರೆ ಮೊದಲ ದಿನ ಕೆಲಸಕ್ಕೆ ಕೈಹಾಕುವ ಮುನ್ನ ಊರಿನ ಹಿರಿಯರೊಬ್ಬರ ಬಳಿ ಕುಳಿತು, ಇಲ್ಲಿ ಏನು ಕೆಟ್ಟಿದೆ, ಇದನ್ನು ಕಟ್ಟಿದವರು ಯಾರು ಎಂದು ಕೇಳಲು ಹೇಳಿಕೊಡಿರಿ. ಮರಳಿ ಬಂದ ಮೇಲೆ, ಆರು ತಿಂಗಳು ಕಳೆದಾಗ, ಆ ಊರಿಗೊಂದು ಕಾಗದ ಬರೆಯಲು ನೆನಪಿಸಿರಿ.

ನಮ್ಮ ಊರಿನ ಶಾಲೆಯ ಬಗೆಗೂ ಒಂದು ಮಾತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ನಾಡಿನ ಮುಖವೇ ಬದಲಾಗಿದೆ. ದ್ರಾಕ್ಷಿ ತೋಟಗಳಿದ್ದಲ್ಲಿ ಬಡಾವಣೆಗಳೆದ್ದಿವೆ. ಬೆಳಗಾದರೆ ಹಳದಿ ವ್ಯಾನುಗಳು ಮಕ್ಕಳನ್ನು ಪಟ್ಟಣದ ಶಾಲೆಗಳಿಗೆ ಕೊಂಡೊಯ್ಯುತ್ತವೆ. ಊರ ಶಾಲೆಯಲ್ಲಿ ಉಳಿದವರು ಬೇರೆಡೆ ಹೋಗಲಾರದವರ ಮಕ್ಕಳು. ಆ ಶಾಲೆಯ ಮಾಡು ಸೋರಿದರೆ ನಮ್ಮ ಮಕ್ಕಳ ತಲೆ ನೆನೆಯುವುದಿಲ್ಲ, ನಿಜ. ಆದರೆ ಅದು ನಮ್ಮ ಮನೆಯ ಎದುರಿನ ಗೋಡೆಯಲ್ಲವೆ? ಸಾವಿರಾರು ಮೈಲಿ ದೂರದಿಂದ ಯಾರೋ ಬಂದು ಬಣ್ಣ ಬಳಿಯುವವರೆಗೆ ನಾವು ಕಾಯಬೇಕೆ?

ಮುಂದಿನ ಮಳೆಗಾಲಕ್ಕೆ ಮುನ್ನ, ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ, ಊರ ಶಾಲೆಯವರೆಗೆ ನಡೆದು ಹೋಗಿ ತಲೆಯೆತ್ತಿ ಮಾಡನ್ನೊಮ್ಮೆ ನೋಡಿರಿ. ಬೆಳಕಿನ ಚುಕ್ಕೆಗಳು ಎಲ್ಲೆಲ್ಲಿ ಕಾಣುತ್ತವೆಯೋ ಮಳೆಯ ನೀರು ಇಳಿಯುವುದು ಅಲ್ಲಿಂದಲೇ. ಪ್ರಭು ಕ್ರಿಸ್ತರು ನಮಗೆ ನೋಡುವ ಕಣ್ಣನ್ನೂ ಕೇಳುವ ಕಿವಿಯನ್ನೂ ದಯಪಾಲಿಸಲಿ.